ಕಂಕುಳಲ್ಲಿ ಪರೀಕ್ಷೆ: ನಾಲ್ಕು ನಾಡಿನ ಹೆಣಿಗೆ, ನಾಲ್ಕು ವೆಸ್ಟ್‌ಗಳು

ಟೋಪಿ, ಕೈಗವಸು, ಕಾಲುಚೀಲಗಳಲ್ಲಿ ಬಣ್ಣದ ಜಾನಪದ ವಿನ್ಯಾಸಗಳನ್ನು ಹೆಣೆದು ಕೈ ಪಳಗಿದವರು ಮುಂದೆ ಹೊರಳುವುದು ಸಾಮಾನ್ಯವಾಗಿ ವೆಸ್ಟ್‌ನ ಕಡೆಗೆ. ಸರಿಯಾದ ದಾರಿಯೇ. ತೋಳು ಹೆಣೆಯುವ ಶ್ರಮವಿಲ್ಲ, ಎದೆ ಬೆನ್ನುಗಳ ಅಗಲದಲ್ಲಿ ವಿನ್ಯಾಸಕ್ಕೆ ಬೇಕಾದಷ್ಟು ಜಾಗವಿದೆ. ಯಾವ ನಾಡಿನ ಹೆಣಿಗೆಯನ್ನು ಆರಿಸಿಕೊಳ್ಳುವುದು ಎಂಬ ಪ್ರಶ್ನೆಗೆ ಮಾತ್ರ ಬಹಳ ಮಂದಿ ಚಿತ್ರ ನೋಡಿ ಉತ್ತರ ಹುಡುಕುತ್ತಾರೆ. ಕಂಕುಳನ್ನು ನೋಡಿ ಆರಿಸಿಕೊಳ್ಳಿ ಎನ್ನುತ್ತೇನೆ ನಾನು.

ವೆಸ್ಟ್‌ನ ಒಡಲು ಕಂಕುಳಿನ ತನಕ ಒಂದು ಕೊಳವೆ. ಎರಡು ತುದಿಗಳ ನಡುವೆ ಬಳುಕುವ ತಂತಿ ಇರುವ ಸರ್ಕ್ಯುಲರ್ ಕಡ್ಡಿಯಲ್ಲಿ, ಮೇಲ್ಮೈ ಸದಾ ಕಣ್ಣೆದುರಿಗಿರುವಂತೆ, ಸುತ್ತಿನ ಮೇಲೆ ಸುತ್ತು ಹೆಣೆಯುತ್ತಾ ಹೋಗಬಹುದು. ಕಂಕುಳಿಗೆ ಬಂದಾಗ ಆ ಕೊಳವೆ ಮುಂಭಾಗ, ಹಿಂಭಾಗ ಎಂದು ಎರಡಾಗಬೇಕು. ಅಲ್ಲಿಂದ ಮೇಲೆ ಎರಡೇ ದಾರಿ: ಸಾಲುಗಳನ್ನು ಹಿಂದಕ್ಕೆ ಮುಂದಕ್ಕೆ ತಿರುಗಿಸಿ ಹೆಣೆಯುವುದು, ಅಂದರೆ ಎರಡು ಬಣ್ಣದ ನೂಲು ಹಿಡಿದು, ಬಟ್ಟೆಯ ಹಿಂಬದಿ ನಮ್ಮ ಕಡೆಗಿರುವಾಗ ಹೆಣೆಯುವ ಪರ್ಲ್ ಸಾಲುಗಳನ್ನು ಮಾಡುವುದು. ಇಲ್ಲವೇ ಕೊಳವೆಯನ್ನು ಹಾಗೆಯೇ ಭುಜದವರೆಗೆ ಹೆಣೆದು, ಆಮೇಲೆ ಕತ್ತರಿ ಹಾಕುವುದು. ಒಂದೊಂದು ನಾಡು ಈ ತೊಡಕನ್ನು ಒಂದೊಂದು ಬಗೆಯಲ್ಲಿ ಬಿಡಿಸಿಕೊಂಡಿದೆ. ಸ್ವೆಟರ್ ಆಗಿದ್ದರೆ ತೋಳು ಆ ಜಾಗವನ್ನು ಮುಚ್ಚುತ್ತದೆ. ವೆಸ್ಟ್‌ನಲ್ಲಿ ಆ ಅಂಚು ಎಲ್ಲರಿಗೂ ಕಾಣುತ್ತದೆ, ಕೈ ಆಡಿಸಿದಾಗಲೆಲ್ಲ ಉಜ್ಜುತ್ತದೆ, ಮೊದಲು ಸವೆಯುವುದೂ ಅದೇ.

ಹೋಲಿಕೆ ನ್ಯಾಯವಾಗಿರಲೆಂದು ನಾಲ್ಕಕ್ಕೂ ಒಂದೇ ಅಳತೆ ಇಟ್ಟುಕೊಂಡೆ: ಎದೆಸುತ್ತು 96 ಸೆಂಟಿಮೀಟರ್, ಇಂಗ್ಲಿಷಿನ ‘ವಿ’ ಆಕಾರದ ಕೊರಳು, ಸೊಂಟದಲ್ಲಿ ರಿಬ್, ಅಂದರೆ ಹಿಗ್ಗಿ ಕುಗ್ಗುವ ಗೀರುಗೀರಾದ ಅಂಚುಪಟ್ಟಿ. ಕಣದಲ್ಲಿದ್ದವು ಶೆಟ್‌ಲ್ಯಾಂಡಿನ ಫೇರ್ ಐಲ್, ನಾರ್ವೆಯ ಸೇಟೆಸ್‌ಡಾಲ್, ಬ್ರಿಟನ್ ಕರಾವಳಿಯ ಗ್ಯಾನ್ಸಿ ಮತ್ತು ಪೆರುವಿನ ಆಂಡೀಸ್ ಹೆಣಿಗೆ.

ಫೇರ್ ಐಲ್‌ನಿಂದಲೇ ಆರಂಭಿಸುತ್ತೇನೆ, ಏಕೆಂದರೆ ತೋಳಿಲ್ಲದ ಪುಲ್‌ಓವರ್ ಎಂದರೆ ಕಣ್ಣಿಗೆ ಕಟ್ಟುವುದು ಅದೇ. ಫೇರ್ ಐಲ್ ಎನ್ನುವುದು ಆರ್ಕ್ನಿಗೂ ಶೆಟ್‌ಲ್ಯಾಂಡಿಗೂ ನಡುವೆ ಇರುವ ಪುಟ್ಟ ದ್ವೀಪ. 1920ರ ದಶಕದ ಆರಂಭದಲ್ಲಿ ಬ್ರಿಟನ್ನಿನ ಯುವರಾಜ ಎಡ್ವರ್ಡ್ ಗಾಲ್ಫ್ ಆಡುವಾಗ ಈ ಹೆಣಿಗೆಯ ಪುಲ್‌ಓವರ್ ತೊಟ್ಟ ಮೇಲೆ ಅದು ಜಗತ್ತಿಗೆಲ್ಲ ಫ್ಯಾಷನ್ ಆಯಿತು. ಆದರೆ ಅದರ ಬುದ್ಧಿವಂತಿಕೆ ಆ ಖ್ಯಾತಿಗಿಂತ ಹಳೆಯದು. ಒಂದು ಸುತ್ತಿನಲ್ಲಿ ಎರಡೇ ಬಣ್ಣ. ಆ ಹೊತ್ತಿಗೆ ಬೇಡದ ಬಣ್ಣದ ಎಳೆ ಬಟ್ಟೆಯ ಹಿಂಬದಿಯಲ್ಲಿ ತೇಲುತ್ತಾ ಸಾಗುತ್ತದೆ. ಹಿನ್ನೆಲೆಯ ಬಣ್ಣವೂ ವಿನ್ಯಾಸದ ಬಣ್ಣವೂ ಕೆಲವು ಸುತ್ತುಗಳಿಗೊಮ್ಮೆ ಬದಲಾಗುವುದರಿಂದ, ಎರಡೇ ಎಳೆ ಹಿಡಿದವರ ಕೈಯಿಂದ ಹತ್ತಾರು ಬಣ್ಣಗಳ ಬಟ್ಟೆ ಹುಟ್ಟುತ್ತದೆ. ವಿನ್ಯಾಸ ನಡುವಿನ ಸುತ್ತಿನ ಮೇಲೂ ಕೆಳಗೂ ಒಂದೇ ತೆರನಾಗಿರುತ್ತದೆ. ಅರ್ಧ ಕಲಿತರೆ ಉಳಿದರ್ಧ ತಾನಾಗಿ ಬರುತ್ತದೆ, ನಕ್ಷೆಯ ಹಾಳೆ ನೋಡುವ ಅಗತ್ಯವೇ ಕಡಿಮೆಯಾಗುತ್ತದೆ. ಗೆರೆಗಳು ಹೆಚ್ಚಾಗಿ ಓರೆಯಾಗಿ ಸಾಗುವುದಕ್ಕೂ ಕಾರಣವಿದೆ. ಬಣ್ಣ ಬದಲಾಗುವ ಜಾಗ ಪ್ರತಿ ಸುತ್ತಿನಲ್ಲೂ ಒಂದೊಂದು ಕುಣಿಕೆ ಪಕ್ಕಕ್ಕೆ ಸರಿಯುವುದರಿಂದ ಎಳೆತ ಒಂದೇ ಕಡೆ ಬೀಳುವುದಿಲ್ಲ, ಬಟ್ಟೆ ಸುಕ್ಕಾಗುವುದಿಲ್ಲ.

ಹತ್ತು ಸೆಂಟಿಮೀಟರಿಗೆ 30 ಕುಣಿಕೆ ಬರುವಂತೆ ಹೆಣೆದೆ. 96 ಸೆಂಟಿಮೀಟರ್ ಸುತ್ತಿಗೆ 288 ಕುಣಿಕೆ. ಈ ಸಂಖ್ಯೆಯ ಮೇಲೆ ನನಗೆ ವಿಶೇಷ ಪ್ರೀತಿ ಇದೆ. 24, 18, 16, 12, 8, 6 ಎಲ್ಲದರಿಂದಲೂ ಭಾಗವಾಗುತ್ತದೆ. ದೊಡ್ಡ ಪಟ್ಟಿಯ ವಿನ್ಯಾಸ 24 ಕುಣಿಕೆಯದ್ದಾಗಿರಲಿ, ನಡುವಿನ ಸಣ್ಣ ಪಟ್ಟಿ 6 ಕುಣಿಕೆಯದ್ದಾಗಿರಲಿ, ಯಾವುದೂ ಪಕ್ಕದಲ್ಲಿ ತುಂಡಾಗದೆ ಸುತ್ತು ಮುಗಿಯುತ್ತದೆ. ವಿನ್ಯಾಸದ ನೂಲನ್ನು ಮೊದಲಿನಿಂದ ಕೊನೆಯವರೆಗೂ ಎಡಗೈಯಲ್ಲೇ ಹಿಡಿಯಿರಿ. ಎಡಗೈಯ ನೂಲು ಹಿಂಬದಿಯಲ್ಲಿ ಇನ್ನೊಂದರ ಕೆಳಗಿನಿಂದ ಹಾದುಬರುತ್ತದೆ. ಹಾಗೆ ಬಂದ ನೂಲಿನ ಕುಣಿಕೆ ಕೂದಲೆಳೆಯಷ್ಟು ದೊಡ್ಡದಾಗಿ ನಿಲ್ಲುತ್ತದೆ, ಆ ಬಣ್ಣ ಮುಂದೆ ಬಂದಂತೆ ಕಾಣುತ್ತದೆ. ನಡುವೆ ಕೈ ಬದಲಿಸಿದರೆ ಆ ಪಟ್ಟಿ ಮಾತ್ರ ಮಂಕಾಗಿ ಎದ್ದು ತೋರುತ್ತದೆ.

ಇನ್ನು ಕಂಕುಳು. ಶೆಟ್‌ಲ್ಯಾಂಡಿನವರು ಕತ್ತರಿಯ ದಾರಿ ಹಿಡಿದವರು. ಕಂಕುಳು ಬರಬೇಕಾದ ಜಾಗದಲ್ಲಿ ಎಂಟು ಹತ್ತು ಹೆಚ್ಚುವರಿ ಕುಣಿಕೆ ಹಾಕಿಕೊಂಡು ಕೊಳವೆಯನ್ನು ಮುಂದುವರಿಸುತ್ತಾರೆ. ಇದಕ್ಕೆ ಸ್ಟೀಕ್ ಎನ್ನುತ್ತಾರೆ. ಎಲ್ಲ ಮುಗಿದ ಮೇಲೆ ಆ ಪಟ್ಟಿಯ ನಟ್ಟನಡುವೆ ಕೆಳಗಿನಿಂದ ಮೇಲಕ್ಕೆ ಕತ್ತರಿಸುತ್ತಾರೆ. ಹೆಣೆದದ್ದನ್ನು ಕತ್ತರಿಸುವುದೆಂದರೆ ಎದೆ ನಡುಗುತ್ತದೆ, ನಿಜ. ಆದರೆ ಕತ್ತರಿ ಹಾಕಿದ ಕೂಡಲೇ ಬಗ್ಗಿ ನೋಡಿ. ತುಂಡಾದ ಕುಣಿಕೆಗಳ ತುದಿಗಳು ಹೊರಕ್ಕೆ ಬಾಗಿ ನಿಲ್ಲುತ್ತವೆ, ಪಕ್ಕದ ಕುಣಿಕೆ ಕದಲುವುದೇ ಇಲ್ಲ. ಬೆರಳಿನಿಂದ ಎಳೆದರೆ ಒಂದು ಕುಣಿಕೆ ಬಿಚ್ಚಿಕೊಂಡು ಅಲ್ಲಿಗೇ ನಿಲ್ಲುತ್ತದೆ. ಶೆಟ್‌ಲ್ಯಾಂಡ್ ಕುರಿಯ ಉಣ್ಣೆ ಸುರುಳಿ ಸುರುಳಿ, ನೂಲುವಾಗಲೂ ಅದನ್ನು ಗಾಳಿ ತುಂಬಿ ಸಡಿಲವಾಗಿಯೇ ಬಿಟ್ಟಿರುತ್ತಾರೆ. ಹೀಗಾಗಿ ಪಕ್ಕದ ಎಳೆಗಳು ಒಂದನ್ನೊಂದು ಕಚ್ಚಿ ಹಿಡಿಯುತ್ತವೆ. ಅಂಚಿಗೆ ಯಂತ್ರದ ಹೊಲಿಗೆ ಬೇಕಾಗಲಿಲ್ಲ. ಅಂಚಿನಿಂದ ಹೊಸ ಕುಣಿಕೆ ಎತ್ತಿಕೊಂಡು ರಿಬ್ ಪಟ್ಟಿ ಹೆಣೆದು, ಉಳಿದ ತುದಿಯನ್ನು ಒಳಕ್ಕೆ ಮಡಚಿ ಕೈಯಲ್ಲಿ ಹೊಲಿದೆ. ಮುಗಿದ ವೆಸ್ಟ್ ಸುಮಾರು 270 ಗ್ರಾಂ ತೂಗಿತು. ಹಿಂಬದಿಯ ಎಳೆಗಳಿಂದಾಗಿ ಎರಡು ಪದರದಷ್ಟು ಬೆಚ್ಚಗಿದ್ದೂ ಇಷ್ಟು ಹಗುರವಾದದ್ದು ಈ ನಾಲ್ಕರಲ್ಲಿ ಬೇರೊಂದಿಲ್ಲ.

ಸೇಟೆಸ್‌ಡಾಲ್ ದಕ್ಷಿಣ ನಾರ್ವೆಯ ಒಂದು ಕಣಿವೆ. ಅಲ್ಲಿಯ ಗಂಡಸರ ಸ್ವೆಟರನ್ನು ಲೂಸೆಕೊಫ್ತೆ ಎನ್ನುತ್ತಾರೆ. ಕಪ್ಪು ಮೈ ತುಂಬ ಬಿಳಿಯ ಒಂಟಿ ಕುಣಿಕೆಗಳು ಚುಕ್ಕಿ ಚುಕ್ಕಿಯಾಗಿ ಹರಡಿರುತ್ತವೆ, ಅಲ್ಲಿಯವರು ಅವನ್ನು ಹೇನು ಎಂದೇ ಕರೆಯುತ್ತಾರೆ. ಭುಜ, ಎದೆಯ ಮೇಲ್ಭಾಗಗಳಲ್ಲಿ ವಜ್ರಾಕೃತಿಯ ಪಟ್ಟಿಗಳು, ಕೊರಳಿಗೆ ಉಣ್ಣೆ ಬಟ್ಟೆಯ ಮೇಲಿನ ಬಣ್ಣ ಬಣ್ಣದ ಕಸೂತಿ. ಸ್ವೆಟರಿನ ಕೆಳಭಾಗ ಅಪ್ಪಟ ಬಿಳಿ. ಅದು ಪ್ಯಾಂಟಿನೊಳಗೆ ಸೇರಿಹೋಗುತ್ತಿದ್ದುದರಿಂದ ಬಣ್ಣ ಹಾಕಿದ ನೂಲನ್ನು ಅಲ್ಲಿ ವ್ಯಯಿಸುತ್ತಿರಲಿಲ್ಲ. ವೆಸ್ಟ್‌ಗೂ ಆ ಬಿಳಿ ಅಂಚನ್ನು ಉಳಿಸಿಕೊಂಡೆ, ಕಪ್ಪಿನ ಕೆಳಗೆ ಬಹಳ ಚೆನ್ನಾಗಿ ಒಪ್ಪುತ್ತದೆ.

ಹೆಣೆಯಲು ಇದು ಸುಲಭ ಎಂದು ಹೇಳುವವರಿದ್ದಾರೆ. ಚುಕ್ಕಿಯ ಸುತ್ತುಗಳ ನಡುವೆ ಬರಿಯ ಕಪ್ಪು ಸುತ್ತುಗಳಿರುವುದರಿಂದ ಕೈ ಓಡುತ್ತದೆ ಎಂಬುದೇನೋ ನಿಜ. ಕಷ್ಟವೂ ಅಲ್ಲೇ ಇದೆ. ಒಂದೇ ಬಣ್ಣದ ಸುತ್ತು ಸಡಿಲವಾಗಿಯೂ ಎರಡು ಬಣ್ಣದ ಸುತ್ತು ಬಿಗಿಯಾಗಿಯೂ ಬರುವುದು ಎಲ್ಲರ ಕೈಯ ಸ್ವಭಾವ. ಇವೆರಡೂ ಬೆರೆತಾಗ ಮೈಯೆಲ್ಲ ಸಣ್ಣ ಅಲೆಗಳೇಳುತ್ತವೆ. ಬಿಳಿ ಎಳೆಯನ್ನು ಹಿಂದೆ ಸಾಗಿಸುವಾಗ, ಬಲಗಡ್ಡಿಯ ಕುಣಿಕೆಗಳನ್ನು ಬೆರಳಿನಿಂದ ಅಗಲಿಸಿ ಎಳೆ ಜಗ್ಗದಂತೆ ನೋಡಿಕೊಂಡರೆ ಚುಕ್ಕಿ ದುಂಡಗೆ ಕೂರುತ್ತದೆ. ಇಲ್ಲವಾದರೆ ಬಟ್ಟೆಯೊಳಗೆ ಹೂತುಹೋಗುತ್ತದೆ. ಕಂಕುಳಿಗೆ ನಾರ್ವೆಯವರದೂ ಕತ್ತರಿಯೇ. ಆದರೆ ಅಲ್ಲಿಯ ನೂಲು ಶೆಟ್‌ಲ್ಯಾಂಡಿನದಕ್ಕಿಂತ ನುಣುಪು, ಗಟ್ಟಿ. ಕತ್ತರಿಸುವ ಮೊದಲೇ ಗೆರೆಯ ಎರಡೂ ಪಕ್ಕ ಹೊಲಿಗೆ ಯಂತ್ರದಲ್ಲಿ ಎರಡೆರಡು ಸಾಲು ಓಡಿಸಬೇಕು. ಸ್ವೆಟರಿನಲ್ಲಿ ತೋಳಿನ ಬಟ್ಟೆ ಆ ಗಡುಸು ಅಂಚನ್ನು ಮುಚ್ಚುತ್ತದೆ. ವೆಸ್ಟ್‌ನಲ್ಲಿ ಅದು ಕಂಕುಳಿಗೆ ಒತ್ತುತ್ತದೆ. ಒಳಗೆ ತೆಳು ಹತ್ತಿ ಪಟ್ಟಿ ಕೊಟ್ಟ ಮೇಲೆ ಒತ್ತು ತಗ್ಗಿತಾದರೂ ದಪ್ಪ ಉಳಿಯಿತು. ನೋಡಲು ನಾಲ್ಕರಲ್ಲೂ ಹೆಚ್ಚು ಗಾಂಭೀರ್ಯದ ಉಡುಪು ಇದೇ. ತೊಡಲು ಮಾತ್ರ ಕೊರೆಯುವ ಚಳಿಯೇ ಬೇಕು, ಒಳಗೆ ತುಂಬುತೋಳಿನ ಅಂಗಿಯೂ ಬೇಕು.

ಗ್ಯಾನ್ಸಿಗೆ ಬಣ್ಣವೇ ಇಲ್ಲ. ಕಾರ್ನ್‌ವಾಲ್‌ನಿಂದ ಯಾರ್ಕ್‌ಷೈರ್, ಸ್ಕಾಟ್ಲೆಂಡಿನ ತೀರದವರೆಗೆ ಮೀನುಗಾರರ ಮೈಮೇಲಿದ್ದ ಈ ಸ್ವೆಟರ್ ಹೆಚ್ಚಾಗಿ ಕಡುನೀಲಿ. ನುಣುಪಾಗಿ ಕಾಣುವ ನಿಟ್ ಮತ್ತು ಉಬ್ಬಾಗಿ ಕಾಣುವ ಪರ್ಲ್ ಕುಣಿಕೆಗಳ ನೆರಳು ಬೆಳಕಿನಲ್ಲೇ ಏಣಿ, ಹಗ್ಗ, ಲಂಗರುಗಳನ್ನು ಮೂಡಿಸುತ್ತಾರೆ. ನೂಲು ಐದು ಎಳೆಯದು, ಬಿಗಿಯಾಗಿ ಹುರಿ ಮಾಡಿದ್ದು. ಅದನ್ನು ತೆಳು ಉಕ್ಕಿನ ಕಡ್ಡಿಗಳಲ್ಲಿ ಗಾಳಿ ನುಸುಳದಷ್ಟು ಒತ್ತಾಗಿ ಹೆಣೆಯಬೇಕು. ಮಣಿಕಟ್ಟು ನೋಯುತ್ತದೆ, ಆಗಾಗ ಬಿಡುವು ಕೊಡಲೇಬೇಕು. ವಿನ್ಯಾಸಗಳು ಹೆಚ್ಚಾಗಿ ಎದೆಯ ಮೇಲ್ಭಾಗಕ್ಕೆ, ಕೆಳಗೆ ಬರಿಯ ನಿಟ್. ಸವೆದಾಗ ಕೆಳಭಾಗವನ್ನು ಬಿಚ್ಚಿ ಮತ್ತೆ ಹೆಣೆಯಲು ಅನುಕೂಲವಾಗಲೆಂಬ ಲೆಕ್ಕಾಚಾರ ಇದರಲ್ಲಿದೆ. ಬಳಕೆಯ ಉಡುಪನ್ನು ಹೀಗೆ ದುರಸ್ತಿಯ ದಿನವನ್ನೂ ನೆನೆದು ಕಟ್ಟಿದವರ ಬಗ್ಗೆ ನನಗೆ ಅಪಾರ ಗೌರವವಿದೆ.

ಒಳಮೈಯಲ್ಲಿ ತೇಲುವ ಎಳೆಗಳಿಲ್ಲ, ಗುಂಡಿಗೆ ಬೆರಳಿಗೆ ಸಿಕ್ಕುವಂಥದ್ದು ಏನೂ ಇಲ್ಲ. ಕಂಕುಳು ಬಂದಾಗ ಕತ್ತರಿಯೂ ಬೇಡ. ಒಂದೇ ನೂಲು ಆದ್ದರಿಂದ ಮುಂಭಾಗ ಹಿಂಭಾಗಗಳನ್ನು ಬೇರೆ ಮಾಡಿ ತಿರುಗಿಸಿ ಹೆಣೆದರೆ ಮುಗಿಯಿತು. ಹಳೆಯ ಗ್ಯಾನ್ಸಿಗಳನ್ನೂ ಹಾಗೆಯೇ ಹೆಣೆಯುತ್ತಿದ್ದರು. ಕೈ ಎತ್ತಲು ಸಲೀಸಾಗಲೆಂದು ಅವರು ಕಂಕುಳಲ್ಲಿ ಹೆಣೆಯುತ್ತಿದ್ದ ವಜ್ರಾಕಾರದ ತುಂಡಿಗೆ ವೆಸ್ಟ್‌ನಲ್ಲಿ ಕೆಲಸವಿಲ್ಲ, ಬಿಟ್ಟುಬಿಡಬಹುದು. ಅಂಚು ಒಳ್ಳೆಯ ಪುಸ್ತಕದ ಪುಟದಂಚಿನಷ್ಟು ನೇರವಾಗಿ ಬರುತ್ತದೆ. ಒಗೆದಷ್ಟೂ ವಿನ್ಯಾಸ ಸ್ಪಷ್ಟವಾಗುತ್ತದೆ. ತೂಕ ಮಾತ್ರ ಹೆಚ್ಚು, ನನ್ನದು 400 ಗ್ರಾಂ ದಾಟಿತು. ಹೊಸದರಲ್ಲಿ ಸ್ವಲ್ಪ ಚುಚ್ಚುತ್ತದೆ ಕೂಡ. ದಿನವೂ ತೊಟ್ಟು, ಕೆಲಸ ಮಾಡಿ, ವರ್ಷಗಟ್ಟಲೆ ಉಳಿಯಬೇಕು ಎನ್ನುವವರಿಗೆ ನಾನು ಬೇರೆ ಯಾವುದನ್ನೂ ಸೂಚಿಸುವುದಿಲ್ಲ.

ನಡುವೆ ಒಂದು ಮಾತು. ಕೆನಡಾದ ವ್ಯಾಂಕೂವರ್ ದ್ವೀಪದ ಕೋಸ್ಟ್ ಸ್ಯಾಲಿಷ್ ಜನರ ಕೌಚಿನ್ ಶೈಲಿಯಲ್ಲೂ ಒಂದು ಪ್ರಯತ್ನ ಮಾಡಿದೆ. ಬಣ್ಣ ಹಾಕದ ಬಿಳಿ, ಬೂದು, ಕಂದುಗಪ್ಪು ಉಣ್ಣೆಯ ದಪ್ಪ ನೂಲು, ಅಷ್ಟೇ ದಪ್ಪದ ಕಡ್ಡಿ, ಬೇಗ ಮುಗಿಯುವ ಕೆಲಸ. ಆದರೆ ಕೈಗಳು ಪಕ್ಕಕ್ಕೆ ಒರಗದಷ್ಟು ದಪ್ಪ. ಅದು ಹೊರಗಿನ ಜಾಕೆಟ್ಟಿಗೆ ಹೇಳಿ ಮಾಡಿಸಿದ ಹೆಣಿಗೆ, ಹಾಗಾಗಿ ಹೋಲಿಕೆಯಿಂದ ಕೈಬಿಟ್ಟೆ. ಕೌಚಿನ್ ಎಂಬ ಹೆಸರು ಆ ಜನರದ್ದು. ನಾವು ಹೆಣೆದದ್ದನ್ನು ಆ ಹೆಸರಿನಿಂದ ಕರೆಯದಿರುವುದೇ ಸರಿ.

ಆಂಡೀಸ್ ಹೆಣಿಗೆಯ ಬಗ್ಗೆ ತುಸು ದೀರ್ಘವಾಗಿ ಹೇಳಬೇಕು. ಸುಮಾರು 3,800 ಮೀಟರ್ ಎತ್ತರದಲ್ಲಿರುವ ಟಿಟಿಕಾಕಾ ಸರೋವರದ ತಾಕೀಲೆ ದ್ವೀಪದಲ್ಲಿ ಹೆಣೆಯುವವರು ಗಂಡಸರು. ಹುಡುಗರು ಚಿಕ್ಕವರಿರುವಾಗಲೇ ಕಲಿಯುತ್ತಾರೆ. ಈ ದ್ವೀಪದ ಜವಳಿ ಕಲೆಯನ್ನು ಯುನೆಸ್ಕೊ 2005ರಲ್ಲಿ ಗೌರವಿಸಿ, 2008ರಲ್ಲಿ ಮಾನವಕುಲದ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿತು. ಅವರ ಚುಲ್ಲೊ ಟೋಪಿ ಪೂರ್ತಿ ಕೆಂಪಾಗಿದ್ದರೆ ತೊಟ್ಟವನು ಮದುವೆಯಾದವನು, ಮೇಲ್ಭಾಗ ಬಿಳಿಯಾಗಿದ್ದರೆ ಅವಿವಾಹಿತ. ಇಂಥ ಅರ್ಥ ಹೊತ್ತ ಬಣ್ಣಗಳ ಜೋಡಣೆಯನ್ನು ಕಿತ್ತು ತಂದು ನಮ್ಮ ಎದೆಯ ಮೇಲೆ ಹಚ್ಚಿಕೊಳ್ಳುವುದು ನನಗೆ ಹಿಡಿಸಲಿಲ್ಲ. ಹಾಗಾಗಿ ಸಣ್ಣ ಜ್ಯಾಮಿತಿ ಆಕೃತಿಗಳನ್ನು ನಾನೇ ಬರೆದುಕೊಂಡು, ಅವರ ವಿಧಾನವನ್ನು ಮಾತ್ರ ಕಲಿತೆ.

ಕಲಿಯಬೇಕಾದದ್ದು ಆ ವಿಧಾನವೇ. ನೂಲುಗಳನ್ನು ಕತ್ತಿನ ಹಿಂದಿನಿಂದ ಹಾಯಿಸಿಕೊಂಡು ಎದೆಯ ಮುಂದಕ್ಕೆ ತರುತ್ತಾರೆ. ಬಟ್ಟೆಯ ಪರ್ಲ್ ಮುಖ ಹೆಣೆಯುವವರ ಕಡೆಗಿರುತ್ತದೆ. ಬಲಗಡ್ಡಿಯನ್ನು ಕುಣಿಕೆಯೊಳಗೆ ತೂರಿಸಿ, ಎಡ ಹೆಬ್ಬೆರಳಿನಿಂದ ಬೇಕಾದ ಬಣ್ಣದ ಎಳೆಯನ್ನು ಕಡ್ಡಿಯ ಮೇಲಕ್ಕೆ ಒಮ್ಮೆ ತಟ್ಟಿದರೆ ಪರ್ಲ್ ಕುಣಿಕೆ ತಯಾರು. ನೂಲನ್ನು ಬೆರಳಿಗೆ ಸುತ್ತಿಕೊಳ್ಳುವ, ಮುಂದೆ ಹಿಂದೆ ಒಯ್ಯುವ ಕಾಟವಿಲ್ಲ. ಪೋರ್ಚುಗಲ್‌ನಲ್ಲೂ ಇದೇ ಪದ್ಧತಿ ಉಂಟು. ತೇಲುವ ಎಳೆಗಳು ಸದಾ ಕಣ್ಣೆದುರಿಗೇ ಇರುವುದರಿಂದ ಯಾವುದು ಬಿಗಿ, ಯಾವುದು ಸಡಿಲ ಎಂಬುದು ಆಗಲೇ ಕಾಣುತ್ತದೆ, ಆಗಲೇ ಸರಿಪಡಿಸಬಹುದು. ಮೂರು ಬಣ್ಣಗಳಿದ್ದರೂ ಎಳೆಗಳು ಸಿಕ್ಕಾಗುವುದು ಕಡಿಮೆ.

ಇದಕ್ಕೆ ನೂಲಾಗಿ ಆಲ್ಪಾಕಾ, ಅಂದರೆ ಆಂಡೀಸ್‌ನಲ್ಲಿ ಸಾಕುವ ಆ ಹೆಸರಿನ ಪ್ರಾಣಿಯ ಉಣ್ಣೆ, ಬಳಸಿದೆ. ಬಣ್ಣಗಳಿಗೆ ಅದು ಕೊಡುವ ಹೊಳಪು, ಮೈಗೆ ತಾಗಿದಾಗಿನ ಮೃದುತ್ವ ಬೇರೆ ಉಣ್ಣೆಗಿಲ್ಲ. ಆದರೆ ಅದಕ್ಕೆ ಕುರಿಯ ಉಣ್ಣೆಯ ಪುಟಿತವಿಲ್ಲ. ಒದ್ದೆಯಾದರೆ ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಹಾಕುತ್ತಾ ಹೋದಂತೆ ವೆಸ್ಟ್ ಉದ್ದವಾಯಿತು, ರಿಬ್ ಸೊಂಟವನ್ನು ಹಿಡಿಯದೆ ಸಡಿಲವಾಯಿತು. ಆಲ್ಪಾಕಾದಲ್ಲೇ ಹೆಣೆಯುವ ಆಸೆಯಿದ್ದರೆ ಉದ್ದವನ್ನು ಮೊದಲೇ ಕಡಿಮೆ ಮಾಡಿ, ರಿಬ್‌ಗೆ ಕುರಿ ಉಣ್ಣೆ ಹಾಕಿ, ಎಂದಿಗೂ ತೂಗುಹಾಕದೆ ಮಡಚಿಡಿ. ಈ ನುಣುಪು ನೂಲಿಗೆ ಕತ್ತರಿ ಹಾಕುವುದೂ ಅಪಾಯ, ಕುಣಿಕೆಗಳು ಜಾರಿ ಓಡುತ್ತವೆ. ಆದರೆ ಕತ್ತರಿಯ ಅಗತ್ಯವೇ ಬೀಳಲಿಲ್ಲ. ಎರಡು ಬಣ್ಣದಲ್ಲಿ ಪರ್ಲ್ ಹೆಣೆಯುವುದು ಈ ವಿಧಾನದಲ್ಲಿ ಎಲ್ಲಕ್ಕಿಂತ ಸುಲಭವಾದ ಕೆಲಸ. ಕಂಕುಳಿನಿಂದ ಮೇಲೆ ಬಣ್ಣದ ಪರ್ಲ್ ಸಾಲುಗಳನ್ನು ಕತ್ತಿನ ಮೇಲಿಂದ ಬಂದ ನೂಲಿನಲ್ಲಿ, ನಿಟ್ ಸಾಲುಗಳನ್ನು ಎಂದಿನ ಹಾಗೆ ಎರಡು ಕೈಯಲ್ಲಿ ಹೆಣೆದೆ. ಅಂಚಿನ ಕುಣಿಕೆಯನ್ನು ಎರಡೂ ನೂಲಿನಲ್ಲಿ ಒಟ್ಟಿಗೆ ಹೆಣೆದದ್ದರಿಂದ ಪಕ್ಕ ಬಿಗಿಯಾಗಿ ನಿಂತಿತು.

ಮೊದಲ ಬಾರಿಗೆ ಹೆಣೆಯುವವರು ಯಾವುದನ್ನು ಹಿಡಿಯಬೇಕು ಎಂದು ಕೇಳಿದರೆ ನನ್ನ ಉತ್ತರ ಫೇರ್ ಐಲ್, ಅದರಲ್ಲೂ ಅಪ್ಪಟ ಶೆಟ್‌ಲ್ಯಾಂಡ್ ಉಣ್ಣೆಯಲ್ಲಿ. ಹೆಸರಷ್ಟೇ ಫೇರ್ ಐಲ್ ಆಗಿದ್ದು ನೂಲು ಯಂತ್ರದಲ್ಲಿ ಒಗೆಯಬಹುದಾದ ಮೆರಿನೊ ಕುರಿಯ ಉಣ್ಣೆ ಆಗಿದ್ದರೆ ಕತ್ತರಿಯ ಆಸೆ ಬಿಡಿ. ಅದರ ಎಳೆಗಳ ಕಚ್ಚಿ ಹಿಡಿಯುವ ಗುಣವನ್ನು ತೆಗೆದೇ ಮಾರುತ್ತಾರೆ.

ಈಗ ನನ್ನ ಕಡ್ಡಿಯ ಮೇಲಿರುವುದು ಇವುಗಳಲ್ಲಿ ಎರಡರ ಬೆರಕೆ. ನೂಲು ಶೆಟ್‌ಲ್ಯಾಂಡಿನದು, 288 ಕುಣಿಕೆಯ ಅದೇ ಲೆಕ್ಕ. ಕಂಕುಳಿನ ತನಕ ಸುತ್ತುಗಳಲ್ಲಿ ಬಂದು, ಅಲ್ಲಿಂದ ಮೇಲೆ ತಾಕೀಲೆಯವರ ಹಾಗೆ ನೂಲನ್ನು ಕತ್ತಿನ ಮೇಲಿಂದ ಹಾಯಿಸಿಕೊಂಡು ಬಣ್ಣದಲ್ಲೇ ಪರ್ಲ್ ಹೆಣೆಯುತ್ತಿದ್ದೇನೆ. ಒಳಕ್ಕೆ ಮಡಚಬೇಕಾದ ಹೆಚ್ಚುವರಿ ಪಟ್ಟಿ ಇಲ್ಲದ್ದರಿಂದ ತೋಳಿನ ಬಾಯಿ ಕತ್ತರಿಸಿದ್ದಕ್ಕಿಂತ ತೆಳುವಾಗಿ ಬಂದಿದೆ. ಅಂಚಿಗೆ ರಿಬ್ ಎತ್ತಿಕೊಳ್ಳುವಾಗ ಪ್ರತಿ ನಾಲ್ಕು ಸಾಲಿಗೆ ಮೂರು ಕುಣಿಕೆ ಸಾಕು. ನಾಲ್ಕಕ್ಕೆ ನಾಲ್ಕೂ ಎತ್ತಿದರೆ ಅಂಚು ಹೂವಿನ ದಳದಂತೆ ಹೊರಕ್ಕೆ ಏಳುತ್ತದೆ, ಎರಡೇ ಎತ್ತಿದರೆ ಭುಜವನ್ನು ಒಳಕ್ಕೆ ಎಳೆಯುತ್ತದೆ.