ಮಡಿಕೇರಿಯ ‘ಅನ್‌ಲಿಮಿಟೆಡ್’ ಬ್ರಂಚ್: 12ಕ್ಕೆ ಬುಕಿಂಗ್, 12.45ಕ್ಕೆ ಟೇಬಲ್, 1.30ಕ್ಕೆ ‘ಏಳಿ’

ಮಡಿಕೇರಿಯಲ್ಲಿ ಶನಿವಾರ, ಭಾನುವಾರದ ಬ್ರಂಚ್‌ಗೆ ಟೇಬಲ್ ಬುಕ್ ಮಾಡುವವರು ಮುಂಗಡ ಕಳಿಸುವ ಮೊದಲು ಇದೊಂದನ್ನು ಕೇಳಿಬಿಡಿ: ನಮ್ಮ ಹೊತ್ತು ಲೆಕ್ಕಕ್ಕೆ ಬರುವುದು ಬುಕ್ ಮಾಡಿದ ಗಂಟೆಯಿಂದಲೋ, ಟೇಬಲ್ ಸಿಕ್ಕಿ ಕೂತಮೇಲೋ? ಉತ್ತರ ವಾಟ್ಸ್ಆ್ಯಪ್‌ನಲ್ಲಿ ಬರಲಿ, ಬಾಯಿಮಾತು ಬೇಡ. ನಾವು ಹೋಗಿಬಂದ ಹೋಟೆಲಿನ ಹೆಸರು ಇಲ್ಲಿ ಹಾಕುತ್ತಿಲ್ಲ, ಅವರ ಮೇಲೆ ಕೊಟ್ಟ ದೂರು ಇನ್ನೂ ನಡೆಯುತ್ತಿದೆ. ಹೆಸರು ಗೊತ್ತಾಗಿಯೂ ಹೆಚ್ಚು ಪ್ರಯೋಜನವಿಲ್ಲ, ಏಕೆಂದರೆ ಈ ಪದ್ಧತಿ ಒಂದೇ ಕಡೆ ನಿಲ್ಲುವಂಥದ್ದಲ್ಲ.

ಮೈಸೂರಿನಿಂದ ಅಕ್ಕ, ಭಾವ ಮಗನನ್ನು ಕರೆದುಕೊಂಡು ಸೋಮವಾರಪೇಟೆಗೆ ನಮ್ಮ ಮನೆಗೆ ಬಂದಿದ್ದರು. ಭಾವ ಯಾವುದೋ ರೀಲ್ಸ್ ನೋಡಿ ‘ಕಡಂಬುಟ್ಟು, ಪಂದಿ ಕರಿ ಎಷ್ಟು ಬೇಕಾದರೂ ತಿನ್ನಬಹುದಂತೆ’ ಎಂದು ಹಟ ಹಿಡಿದರು. ಕಡಂಬುಟ್ಟು ಅಂದರೆ ಹಬೆಯಲ್ಲಿ ಬೇಯಿಸಿದ ಅಕ್ಕಿತರಿಯ ಉಂಡೆ, ಪಂದಿ ಕರಿ ಅಂದರೆ ಕೊಡವರ ಹಂದಿಮಾಂಸದ ಅಡುಗೆ. ಮನೆಯಲ್ಲೇ ಮಾಡೋಣ ಅಂದರೆ ಕೇಳಲಿಲ್ಲ. ಬುಕಿಂಗ್ ನಂಬರಿಗೆ ಫೋನ್ ಮಾಡಿದೆ. ತಲೆಗೆ 900 ರೂಪಾಯಿ, ಹತ್ತು ವರ್ಷದೊಳಗಿನ ಮಕ್ಕಳಿಗೆ ಅರ್ಧ, ಮುಂಗಡ 2,000, ರದ್ದು ಮಾಡಿದರೆ ವಾಪಸ್ ಇಲ್ಲ. ‘ಬೆಳಗ್ಗೆ ಹತ್ತೂವರೆಯಿಂದ ಮೂರರವರೆಗೂ ಇರುತ್ತೆ ಮೇಡಂ, ಆರಾಮಾಗಿ ಬನ್ನಿ’ ಅಂದರು. 12 ಗಂಟೆಗೆ ಐವರು ದೊಡ್ಡವರು, ಒಂದು ಮಗು ಎಂದು ವಾಟ್ಸ್ಆ್ಯಪ್‌ನಲ್ಲಿ ಬರೆದು ಹಣ ಕಳಿಸಿದೆ. ಆ ಕಡೆಯಿಂದ ಬಂದದ್ದು ಒಂದು ಹೆಬ್ಬೆರಳು, ಅಷ್ಟೆ. ಕೂರಲು ಒಂದೂವರೆ ಗಂಟೆ ಹೊತ್ತು ಮಾತ್ರ ಎಂಬ ಮಿತಿಯ ಸುದ್ದಿಯೇ ಎತ್ತಲಿಲ್ಲ.

‘ಹಾಗಾದರೆ ಬೆಳಗ್ಗೆ ತಿಂಡಿ ಬಿಟ್ಟು ಹೊರಡಬೇಕಾ?’ ಅಂತ ಅಮ್ಮ ಕೇಳಿದರು. ಹೌದು ಅಂದೆವು. ಮಳೆ ಆಗಷ್ಟೇ ಬಿಟ್ಟ ದಿನಗಳು. ಮಾದಾಪುರ, ಹಟ್ಟಿಹೊಳೆ ದಾರಿಯಲ್ಲಿ ಮಂಜು, ನಿಧಾನಕ್ಕೆ ಬಂದರೂ ಹನ್ನೆರಡಕ್ಕೆ ಮೊದಲೇ ಬಾಗಿಲಲ್ಲಿದ್ದೆವು. ಪಾರ್ಕಿಂಗ್ ವಿಚಾರ ಬರೆಯಲು ಹೋಗುವುದಿಲ್ಲ. ವಾರಾಂತ್ಯದಲ್ಲಿ ಮಡಿಕೇರಿಗೆ ಕಾರಲ್ಲಿ ಬಂದವರಿಗೆ ಹೇಳಬೇಕಾಗಿಲ್ಲ.

ಕೌಂಟರಿನ ಹುಡುಗಿ ಹೆಸರಿಗೆ ಟಿಕ್ ಹಾಕಿ, ‘ಹಿಂದಿನ ಬ್ಯಾಚ್ ಏಳಬೇಕು, ಕೂತಿರಿ’ ಅಂದಳು. ಕೂರಲು ಇದ್ದದ್ದು ಎರಡೇ ಸ್ಟೂಲ್. ಅಮ್ಮನನ್ನು ಒಂದರಲ್ಲಿ ಕೂರಿಸಿ ಉಳಿದವರು ನಿಂತೆವು. ಮದುವೆಮನೆಯ ಪಂಕ್ತಿಯ ಹಾಗೆ ಇಲ್ಲೂ ಬ್ಯಾಚ್ ಇದೆಯೆಂದು ತಿಳಿದದ್ದೇ ಆಗ. 10.30, 12, 1.30. ಹಿಂದಿನ ಬ್ಯಾಚಿನವರೂ ತಡವಾಗಿ ಕೂತವರೇ ಇರಬೇಕು, ಏಳಲು ಅವರಿಗೂ ಮನಸ್ಸಿಲ್ಲ. ಟೇಬಲ್ ಸಿಕ್ಕಿದಾಗ 12.45. ಲೋಟಕ್ಕೆ ನೀರು ಸುರಿಯುತ್ತಲೇ ಸಪ್ಲೈಯರ್ ಹುಡುಗ ಮೆಲ್ಲಗೆ, ‘ಒಂದೂವರೆಗೆ ಬಿಟ್ಟುಕೊಡಬೇಕು ಮೇಡಂ’ ಅಂದ.

ನಾವು 12ಕ್ಕೆ ಮೊದಲೇ ಬಂದಿದ್ದೇವೆ, ನೀವೇ ಮುಕ್ಕಾಲು ಗಂಟೆ ನಿಲ್ಲಿಸಿದಿರಿ ಎಂದರೆ, ‘ನಿಮ್ಮ ಸ್ಲಾಟ್ 12ಕ್ಕೆ ಶುರುವಾಗಿದೆ’ ಎಂಬ ಉತ್ತರ. ಅವನದೇನೂ ತಪ್ಪಿಲ್ಲ, ಹೇಳಿಕೊಟ್ಟದ್ದನ್ನು ಹೇಳುತ್ತಾನೆ.

ಇನ್ನು ಊಟ. ಪಂದಿ ಕರಿಯ ಪಾತ್ರೆಯ ತಳದಲ್ಲಿ ಎಣ್ಣೆ ಮತ್ತು ನಾಲ್ಕು ಮೂಳೆ. ‘ಬರ್ತಾ ಇದೆ’ ಎಂದರು. ಕಡಂಬುಟ್ಟು ತಣ್ಣಗಾಗಿ ಕಲ್ಲಾಗಿತ್ತು, ಬಿಸಿಯಿದ್ದಾಗ ತಿನ್ನಬೇಕಾದ ವಸ್ತು ಅದು. ಪಾತ್ರೆ ಕೆರೆದು ಭಾವನಿಗೆ ಬಡಿಸಿದ್ದು ನೋಡಿದರೆ ಕೆಂಪಗಿತ್ತು. ಪಂದಿ ಕರಿ ಕಪ್ಪಗಾಗುವುದು ಕಪ್ಪಾಗುವಷ್ಟು ಹುರಿದ ಮಸಾಲೆಯಿಂದ, ಕೊನೆಗೆ ಬೀಳುವ ಕಾಚಂಪುಳಿ ಎಂಬ ಕೊಡಗಿನ ಕಪ್ಪು ಹುಳಿರಸದಿಂದ. ಇದರಲ್ಲಿ ಮೆಣಸಿನಪುಡಿಯ ಬಣ್ಣ, ಹುಣಸೆಹಣ್ಣಿನ ಹುಳಿ. ಕಾಚಂಪುಳಿ ದುಬಾರಿ, ಒಪ್ಪುತ್ತೇನೆ. ಆದರೆ ಬೋರ್ಡಿನಲ್ಲಿ ‘ಅಪ್ಪಟ ಕೊಡವ ರುಚಿ’ ಎಂದು ಬರೆದವರು ಇವರೇ ಅಲ್ಲವೇ?

ಅಮ್ಮ ಮಾಂಸ ಮುಟ್ಟುವುದಿಲ್ಲ, ಅವರಿಗೂ 900 ರೂಪಾಯಿಯೇ. ಕಣಿಲೆ (ಎಳೆಬಿದಿರು) ಪಲ್ಯ ಒಂದು ತುತ್ತು ತಿಂದು ತಟ್ಟೆಯ ಅಂಚಿಗೆ ಸರಿಸಿ, ‘ನೀರು ಸರಿಯಾಗಿ ಬದಲಾಯಿಸಿಲ್ಲ, ಕಹಿ ಹಾಗೇ ಇದೆ. ಮಗುವಿಗೆ ಕೊಡಬೇಡ’ ಅಂದರು. ಇದು ಬರೀ ರುಚಿಯ ಮಾತಲ್ಲ. ಹಸಿ ಕಣಿಲೆಯಲ್ಲಿ ಸಯನೈಡ್ ಬಿಡುವ ಅಂಶವಿರುತ್ತದೆ. ಅದಕ್ಕೇ ಹೆಚ್ಚಿ ನೆನೆಹಾಕಿ, ದಿನವೂ ನೀರು ಚೆಲ್ಲಿ, ಬೇಯಿಸಿದ ನೀರನ್ನೂ ಬಸಿದು ತಿನ್ನುತ್ತೇವೆ. ಎಲ್ಲೇ ಆಗಲಿ ಕಣಿಲೆ ಕಹಿ ಹೊಡೆದರೆ ಬಿಟ್ಟುಬಿಡಿ, ದುಡ್ಡು ಕೊಟ್ಟಿದ್ದೇವೆಂದು ತಿನ್ನಬೇಡಿ. ಅಕ್ಕಿ ಒಟ್ಟಿ (ಅಕ್ಕಿ ರೊಟ್ಟಿ) ಮಾತ್ರ ಚೆನ್ನಾಗಿತ್ತು, ಅದನ್ನು ಒಳಗೆ ಒಬ್ಬ ಹೆಂಗಸು ಆಗಾಗ ಸುಟ್ಟು ಕಳಿಸುತ್ತಿದ್ದರು. ಆ ಸಪ್ಲೈಯರ್ ಹುಡುಗ ಅಮ್ಮನಿಗೆ ಕೇಳದೆಯೇ ಬಿಸಿನೀರು ತಂದಿಟ್ಟ. ಇಷ್ಟು ನ್ಯಾಯವಾಗಿ ಹೇಳಬೇಕು.

ಕೋಳಿ ಸಾರು ಮುಗಿದಿತ್ತು, ನೂಲ್ಪುಟ್ಟು (ಒತ್ತು ಶಾವಿಗೆ) ಒಣಗಿ ಎಳೆಎಳೆಯಾಗಿತ್ತು. ‘ಬರ್ತಾ ಇದೆ’ ಎಂದ ಪಂದಿ ಕರಿ ಬರಲೇ ಇಲ್ಲ. ಸರಿಯಾಗಿ 1.25ಕ್ಕೆ ಒಳಗಿಂದ ಹೊಸ ಪಾತ್ರೆಗಳು ಹೊರಟವು. ಹೊಗೆಯಾಡುವ ಪಂದಿ ಕರಿ, ಹಬೆಯಿಂದ ಆಗಷ್ಟೇ ಇಳಿಸಿದ ಕಡಂಬುಟ್ಟು. ಭಾವ ತಟ್ಟೆ ಹಿಡಿದು ಎದ್ದರು. ‘ಸಾರ್, ಇದು ಮುಂದಿನ ಬ್ಯಾಚಿಗೆ’ ಎಂದು ಅಡ್ಡ ನಿಂತರು. ಮೈಸೂರಿನಿಂದ ಇದಕ್ಕೇ ಬಂದ ಮನುಷ್ಯ ಖಾಲಿ ತಟ್ಟೆ ಹಿಡಿದು ನಿಂತದ್ದನ್ನು ನೋಡಿ ಅಕ್ಕನಿಗೆ ನಗು, ನನಗೆ ಸಿಟ್ಟು.

ಲೆಕ್ಕ ಹೀಗಿದೆ ನೋಡಿ. ಪ್ರತಿ ಬ್ಯಾಚಿಗೂ ಒಂದೇ ಸಲ ಪಾತ್ರೆ ತುಂಬುತ್ತಾರೆ. ತಡವಾಗಿ ಕೂರಿಸಿದಷ್ಟೂ ತಿನ್ನುವುದು ಕಡಿಮೆ, ದರ ಮಾತ್ರ ಅದೇ. ಬಂದವರಲ್ಲಿ ಹೆಚ್ಚಿನವರು ಹೊರಊರಿನವರು, ಸಂಜೆಯೊಳಗೆ ಕುಶಾಲನಗರ ದಾಟಿರುತ್ತಾರೆ. ತಿರುಗಿ ಬಂದು ಜಗಳ ಆಡುವವರು ಯಾರು? ಊರವರು ಅಲ್ಲಿಗೆ ಯಾಕೆ ಹೋಗುವುದಿಲ್ಲ ಎಂದು ನಮ್ಮವರು ಅಂದೇ ಕೇಳಿದ್ದರು, ಭಾವನ ಹಟದಲ್ಲಿ ಅದು ಮುಳುಗಿಹೋಯಿತು.

ಬಿಲ್ ಬಂತು. ಆರು ಜನರಿಗೆ 5,400. ಎಂಟು ವರ್ಷದ ಹುಡುಗನಿಗೂ ಪೂರ್ತಿ ದರ! ಮೂರು ನೀರಿನ ಬಾಟಲಿಗೆ 180. ‘ಅನ್‌ಲಿಮಿಟೆಡ್’ನಲ್ಲಿ ಸೇರಿದೆ ಎಂದುಕೊಂಡಿದ್ದ ಬೆಲ್ಲದ ಕಾಫಿ ನಾಲ್ಕಕ್ಕೆ 480. ಅದರ ಮೇಲೆ ಶೇ 10 ಸರ್ವಿಸ್ ಚಾರ್ಜ್ 606, ಆ ಸರ್ವಿಸ್ ಚಾರ್ಜನ್ನೂ ಸೇರಿಸಿ ಶೇ 5 ಜಿಎಸ್‌ಟಿ. ಒಟ್ಟು 6,999 ರೂಪಾಯಿ 30 ಪೈಸೆ. ಚಪ್ಪಲಿ ಅಂಗಡಿಯ ಬೆಲೆ! ಮುಂಗಡದ 2,000 ಅದರಲ್ಲಿ ಕಳೆದಿರಲಿಲ್ಲ. ಹಣ ಹೋದದ್ದು ಹೋಟೆಲಿನ ಖಾತೆಗಲ್ಲ, ಯಾರೋ ಒಬ್ಬರ ಸ್ವಂತ ಹೆಸರಿಗೆ. ಸ್ಕ್ರೀನ್‌ಶಾಟ್ ತೋರಿಸಿ, ಅವರಿಗೆ ಫೋನ್ ಹೋಗಿ, ಅವರು ಹೌದು ಎಂದಮೇಲೆ ಕಳೆದರು. ಸ್ಕ್ರೀನ್‌ಶಾಟ್ ಅಳಿಸಿದ್ದಿದ್ದರೆ ಆ ದುಡ್ಡಿಗೆ ನಮಸ್ಕಾರ.

ಸರ್ವಿಸ್ ಚಾರ್ಜ್ ತೆಗೆಯಿರಿ ಅಂದೆ. ‘ಅದು ಸರ್ಕಾರದ ಟ್ಯಾಕ್ಸ್’ ಎಂದರು ಮ್ಯಾನೇಜರ್. ಅಲ್ಲ. ಹೋಟೆಲಿನವರು ಸರ್ವಿಸ್ ಚಾರ್ಜನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವಂತಿಲ್ಲ, ಬೇರೆ ಹೆಸರಿನಲ್ಲೂ ವಸೂಲಿ ಮಾಡುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿದೆ. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು. ಇಷ್ಟನ್ನು ದನಿ ಏರಿಸದೆ ಹೇಳಿ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಲಾ ಎಂದು ಕೇಳಿದ ಮೇಲೆ ಹೊಸ ಬಿಲ್ ಬಂತು, 6,363ಕ್ಕೆ. ಮಗುವಿನ ಅರ್ಧ ದರಕ್ಕೆ ಮಾತ್ರ ಜಗ್ಗಲಿಲ್ಲ. ‘ಐದು ವರ್ಷದೊಳಗೆ’ ಎಂದು ಹೊಸ ನಿಯಮ ಹೇಳಿದರು. ಅಮ್ಮ ಸುಸ್ತಾಗಿದ್ದರು, ಕಟ್ಟಿ ಹೊರಟೆವು.

ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಂಡರು ಎಂದು ಹೋರಾಡಲು ಹೋಗಬೇಡಿ. ಕೂತು ಊಟ ಮಾಡುವ ಹೋಟೆಲಿನಲ್ಲಿ ಹಾಗೆ ತೆಗೆದುಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲೇ ಹೇಳಿದೆ. ಜಗ್ಗಿನ ನೀರು ಕೇಳಿ, ಅಷ್ಟೆ. ಬಿಲ್ಲಿನಲ್ಲಿ ನೋಡಬೇಕಾದದ್ದು ಜಿಎಸ್‌ಟಿ ನಂಬರ್ ಮತ್ತು ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಪರವಾನಗಿ ನಂಬರ್. 2022ರ ಜನವರಿಯಿಂದ ಈ ಎರಡನೆಯದು ಬಿಲ್ಲಿನ ಮೇಲೆ ಇರಲೇಬೇಕು. ನಮ್ಮ ಮೊದಲ ಬಿಲ್ಲಿನಲ್ಲಿ ಅದು ಇರಲಿಲ್ಲ, ಬರೀ ‘ಎಸ್ಟಿಮೇಟ್’ ಎಂದಿತ್ತು. ಅಂಥ ಚೀಟಿಗೆ ದುಡ್ಡು ಕೊಟ್ಟು ಬಂದರೆ ನಾಳೆ ದೂರಿಗೆ ಹಿಡಿತವಿಲ್ಲ.

ಮನೆಗೆ ಬಂದು 1915ಕ್ಕೆ ಫೋನ್ ಮಾಡಿದೆ. ಕನ್ನಡದಲ್ಲೇ ಮಾತಾಡಿದೆ. ವಾಟ್ಸ್ಆ್ಯಪ್ ಮಾತುಕತೆ, ಎರಡೂ ಬಿಲ್, ಹಣ ಕಳಿಸಿದ ಸ್ಕ್ರೀನ್‌ಶಾಟ್ ಇದ್ದವು, ಡಾಕೆಟ್ ನಂಬರ್ (ದೂರಿನ ನಂಬರ್) ಕೊಟ್ಟರು. ಅದರಿಂದ ಆಗದಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷದವರೆಗಿನ ವ್ಯವಹಾರದ ದೂರಿಗೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಅದಾದ ಮೇಲೆ ಹೋಟೆಲಿನಿಂದ ಫೋನ್ ಬಂತು. ದೂರು ವಾಪಸ್ ತೆಗೆದರೆ ಇನ್ನೊಂದು ಭಾನುವಾರ ಮನೆಯವರಿಗೆಲ್ಲ ಉಚಿತ ಬ್ರಂಚ್ ಅಂದರು. ಯಾವ ಬ್ಯಾಚಿನಲ್ಲಿ ಎಂದು ಕೇಳಿದೆ, ಫೋನ್ ಇಟ್ಟರು. ಆಮೇಲೆ ಮಗುವಿನ ಹೆಚ್ಚುವರಿ ದರ, ತೆರಿಗೆ ಸೇರಿ 472 ರೂಪಾಯಿ 50 ಪೈಸೆ ಖಾತೆಗೆ ಬಂದಿದೆ. ನಿಲ್ಲಿಸಿದ ಮುಕ್ಕಾಲು ಗಂಟೆಯ ಬಗ್ಗೆ ಉತ್ತರ ಬಂದಿಲ್ಲ, ದೂರನ್ನು ನಾನೂ ಮುಚ್ಚಿಲ್ಲ.