ಐದು ವರ್ಷ ನೋಡಿದ ಮೇಲೆ: ಸ್ವತಂತ್ರ ಬೇಟೆ ವೀಡಿಯೊಗಳ ಒಂದು ಚಂದಾ ಸೇವೆ

ಇಬ್ಬರು ಬೇಟೆಗಾರರು ಯಾವ ಟೆಲಿವಿಷನ್ ವಾಹಿನಿಯ ಹಂಗೂ ಇಲ್ಲದೆ ತಾವೇ ಚಿತ್ರೀಕರಿಸಿ, ತಾವೇ ಎಡಿಟಿಂಗ್ ಮಾಡಿ, ಚಂದಾದಾರರಿಗಷ್ಟೇ ತೋರಿಸುವ ವೀಡಿಯೊಗಳನ್ನು ನಾನು ಐದು ವರ್ಷದಿಂದ ನೋಡುತ್ತ ಬಂದಿದ್ದೇನೆ. ನಾನು ಬೇಟೆಗಾರನಲ್ಲ, ಬಂದೂಕನ್ನಾಗಲಿ ಬಿಲ್ಲನ್ನಾಗಲಿ ಕೈಯಲ್ಲಿ ಹಿಡಿದವನೂ ಅಲ್ಲ. ಕಾಡುಪ್ರಾಣಿಗಳ ನಡವಳಿಕೆಯ ಬಗ್ಗೆ ಮೊದಲಿನಿಂದಲೂ ಇದ್ದ ಕುತೂಹಲ ನನ್ನನ್ನು ಇಲ್ಲಿಗೆ ತಂದಿತು. ಅದಕ್ಕೂ ಮೊದಲು ಟೆಲಿವಿಷನ್ನಿನ ಬೇಟೆ ಕಾರ್ಯಕ್ರಮಗಳನ್ನು ನೋಡಿ ಬೇಸತ್ತಿದ್ದೆ. ಅರ್ಧ ಗಂಟೆಯ ಅವಧಿಯಲ್ಲಿ ಜಾಹೀರಾತು ಕಳೆದು ಉಳಿಯುವ ಇಪ್ಪತ್ತೆರಡು ನಿಮಿಷಗಳಲ್ಲಿ ಸೂರ್ಯೋದಯವೊಂದು, ಪಿಸುಮಾತೊಂದು, ಗುಂಡೊಂದು, ಆಮೇಲೆ ಸತ್ತ ಪ್ರಾಣಿಯ ಕೊಂಬು ಹಿಡಿದು ನಗುವ ಮುಖವೊಂದು ಬಂದು ಹೋಗುತ್ತಿದ್ದವು. ನಾಲ್ಕು ಕಂತು ನೋಡಿದರೆ ಐದನೆಯದನ್ನು ನೋಡಬೇಕೆನಿಸುತ್ತಿರಲಿಲ್ಲ, ಏಕೆಂದರೆ ಅದರಲ್ಲಿ ಏನಾಗುತ್ತದೆಂದು ಮೊದಲೇ ಗೊತ್ತಿರುತ್ತಿತ್ತು.

ಈ ಸೇವೆಯಲ್ಲಿ ನಾನು ಮೊದಲು ನೋಡಿದ್ದು ರಾಕಿ ಪರ್ವತಗಳಲ್ಲಿ ಚಿತ್ರೀಕರಿಸಿದ ಎಲ್ಕ್ ಬೇಟೆಯ ಕಂತು. ಎಲ್ಕ್ ಎಂದರೆ ಕಡವೆಗಿಂತಲೂ ದೊಡ್ಡದಾದ ಜಿಂಕೆ ಜಾತಿ. ಸೆಪ್ಟೆಂಬರಿನಲ್ಲಿ ಅದಕ್ಕೆ ಬೆದೆಯ ಕಾಲ, ಆಗ ಗಂಡುಗಳು ಹಾಕುವ ಕೂಗು ಗಂಟಲಿನ ಗುಡುಗಿನಲ್ಲಿ ಶುರುವಾಗಿ ಸಿಳ್ಳಿನಂತೆ ಮೇಲಕ್ಕೇರಿ ಒಡೆಯುತ್ತದೆ. ಆ ಕಂತಿನ ಉದ್ದ ಒಂದು ಗಂಟೆ ಹತ್ತು ನಿಮಿಷ. ಅದರಲ್ಲಿ ಒಂಬತ್ತು ದಿನದ ಅಲೆದಾಟವಿದೆ, ಒಂದೇ ಒಂದು ಬಾಣವೂ ಬಿಲ್ಲಿನಿಂದ ಹೊರಡುವುದಿಲ್ಲ. ಆರನೆಯ ದಿನ ಬೆಳಿಗ್ಗೆ ಇಬ್ಬರೂ ಒಂದು ಗಂಡನ್ನು ಅರವತ್ತು ಮೀಟರಿನವರೆಗೆ ಸಮೀಪಿಸುತ್ತಾರೆ. ಬೆಳಗಿನ ಜಾವ ತಂಪಾದ ಗಾಳಿ ಭಾರವಾಗಿ ಇಳಿಜಾರಿನಗುಂಟ ಕೆಳಕ್ಕೆ ಹರಿಯುತ್ತದೆ, ಬಿಸಿಲು ಬಿದ್ದು ನೆಲ ಕಾದ ಮೇಲೆ ಮೇಲಕ್ಕೇರತೊಡಗುತ್ತದೆ ಎಂಬುದು ಬೆಟ್ಟದ ಬೇಟೆಗಾರರಿಗೆಲ್ಲ ತಿಳಿದ ವಿಷಯ. ಅವರು ಕೆಳಗಿನಿಂದ ಹತ್ತುತ್ತಿದ್ದುದೂ ಅದಕ್ಕಾಗಿಯೇ. ಬಿಲ್ಲು ಹಿಡಿದವನು ಗಾಳಿ ನೋಡುವ ಪುಟ್ಟ ಬುಡ್ಡಿಯನ್ನು ಒಮ್ಮೆ ಹಿಂಡುತ್ತಾನೆ. ಬಿಳಿ ಪುಡಿ ಅವನ ಎದೆಯ ಕಡೆಗೆ ತೇಲಿ ಬರುತ್ತದೆ, ನಡುವೆ ಒಂದು ಕ್ಷಣ ನಿಲ್ಲುತ್ತದೆ, ಆಮೇಲೆ ನಿಧಾನವಾಗಿ ತಿರುಗಿ ಎಲ್ಕ್ ನಿಂತಿರುವ ದಿಕ್ಕಿಗೇ ಏರುತ್ತ ಹೋಗುತ್ತದೆ. ಅವನು ಏನೂ ಮಾತಾಡುವುದಿಲ್ಲ, ಬಿಲ್ಲನ್ನು ಕೆಳಗಿಳಿಸುತ್ತಾನೆ. ಮೂರು ಸೆಕೆಂಡಿನ ನಂತರ ಮೇಲಿನ ಪೊದೆಯಲ್ಲಿ ಕೊಂಬೆ ಮುರಿಯುವ ಸದ್ದು, ಗೊರಸಿನ ಸದ್ದು, ಅಷ್ಟೇ. ಪ್ರಾಣಿ ಚೌಕಟ್ಟಿನೊಳಗೆ ಬರಲೇ ಇಲ್ಲ. ಗಾಳಿಯೊಂದನ್ನು ಕಣ್ಣಿಗೆ ಕಾಣುವಂತೆ ಮಾಡಿದ ಆ ಅರ್ಧ ನಿಮಿಷಕ್ಕಾಗಿ ನಾನು ಮುಂದಿನ ವರ್ಷದ ಚಂದಾವನ್ನೂ ಆವತ್ತೇ ಕಟ್ಟಿದೆ.

ಬರಿಗೈಯಲ್ಲಿ ಮರಳುವ ಕಂತುಗಳಿಗೆ ಇರುವ ತೂಕ ಅವುಗಳ ಹಿಂದಿನ ವ್ಯವಸ್ಥೆ ತಿಳಿದ ಮೇಲೆ ಇನ್ನಷ್ಟು ಅರ್ಥವಾಗುತ್ತದೆ. ಅಮೆರಿಕದ ಪಶ್ಚಿಮದ ರಾಜ್ಯಗಳಲ್ಲಿ ಬೇಡಿಕೆ ಹೆಚ್ಚಿರುವ ಪ್ರದೇಶಗಳ ಬೇಟೆ ಪರವಾನಗಿಯನ್ನು ಚೀಟಿ ಎತ್ತಿ ಹಂಚುತ್ತಾರೆ. ಹಲವು ರಾಜ್ಯಗಳಲ್ಲಿ ಚೀಟಿ ಬಾರದ ವರ್ಷಕ್ಕೊಂದರಂತೆ ಅರ್ಜಿದಾರರ ಹೆಸರಿಗೆ ಅಂಕ ಸೇರುತ್ತ ಹೋಗುತ್ತದೆ, ಒಳ್ಳೆಯ ಪ್ರದೇಶಕ್ಕೆ ಹತ್ತಾರು ವರ್ಷ ಕಾಯುವವರಿದ್ದಾರೆ. ಹಾಗೆ ಕಾದು ಪಡೆದ ಪರವಾನಗಿಯ ಕೊನೆಯ ಸಂಜೆ, ಕೊಂಬಿನ ಗಾತ್ರ ಸಾಲದೆಂದಲ್ಲ, ಗುಂಡು ಸರಿಯಾದ ಜಾಗಕ್ಕೆ ತಾಗುವಂತೆ ಪ್ರಾಣಿ ಪಕ್ಕೆ ತಿರುಗಿಸಿ ನಿಲ್ಲಲಿಲ್ಲವೆಂಬ ಕಾರಣಕ್ಕೆ ಟ್ರಿಗರಿನಿಂದ ಬೆರಳು ತೆಗೆಯುವವನನ್ನು ನೋಡುವುದು ಒಂದು ಅನುಭವ. ವಾಹಿನಿಯ ಸಂಕಲನಕಾರನಾಗಿದ್ದರೆ ಈ ಭಾಗವನ್ನು ಕಸಕ್ಕೆ ಹಾಕುತ್ತಿದ್ದ.

ಇಲ್ಲಿಯ ಬೇಟೆ ನಡೆಯುವುದು ಬಹುಪಾಲು ಸಾರ್ವಜನಿಕ ಭೂಮಿಯಲ್ಲಿ. ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಅಮೆರಿಕದ ಕೇಂದ್ರ ಸರ್ಕಾರದ ಸಂಸ್ಥೆಯೊಂದೇ ಸುಮಾರು 24.5 ಕೋಟಿ ಎಕರೆ ನೋಡಿಕೊಳ್ಳುತ್ತದೆ. ಪರವಾನಗಿಯಿದ್ದವರು ಅದರ ಬಹುಭಾಗದಲ್ಲಿ ನಡೆದು ಹೋಗಿ ಬೇಟೆಯಾಡಬಹುದು. ಇದಕ್ಕೆ ತದ್ವಿರುದ್ಧವಾದದ್ದು ಎತ್ತರದ ಬೇಲಿ ಹಾಕಿ, ಒಳಗೆ ಪ್ರಾಣಿ ಸಾಕಿ, ಗಿರಾಕಿಯ ಮುಂದೆ ನಿಲ್ಲಿಸುವ ವ್ಯಾಪಾರ. 1887ರಲ್ಲಿ ಥಿಯೋಡರ್ ರೂಸ್‌ವೆಲ್ಟ್ ಮತ್ತು ಸಂಗಡಿಗರು ಕಟ್ಟಿದ ಬೂನ್ ಅಂಡ್ ಕ್ರಾಕೆಟ್ ಕ್ಲಬ್ ಬೇಲಿಯೊಳಗೆ ಕೊಂದ, ತಪ್ಪಿಸಿಕೊಳ್ಳಲಾಗದ ಪ್ರಾಣಿಯ ಕೊಂಬನ್ನು ತನ್ನ ದಾಖಲೆ ಪುಸ್ತಕಕ್ಕೆ ಸೇರಿಸುವುದಿಲ್ಲ; ಪ್ರಾಣಿಗೆ ಪಾರಾಗುವ ನಿಜವಾದ ಅವಕಾಶ ಇರಬೇಕೆಂಬುದು ಅವರ ನಿಯಮ. ಟೆಲಿವಿಷನ್ ಕಾರ್ಯಕ್ರಮಗಳಲ್ಲಿ ಬೇಲಿ ಎಂದೂ ಚೌಕಟ್ಟಿಗೆ ಬರುವುದಿಲ್ಲ. ಆದರೆ ಪ್ರಾಣಿ ಕಿವಿ ನಿಗುರಿಸದೆ, ತಲೆ ಎತ್ತಿ ಸುತ್ತ ನೋಡದೆ, ಮನುಷ್ಯನ ಎದುರು ಮೇಯುತ್ತ ನಿಂತಿದ್ದರೆ ಬೇಲಿಯನ್ನು ತೋರಿಸಬೇಕಾದ ಅಗತ್ಯವೂ ಇರುವುದಿಲ್ಲ. ಐದು ವರ್ಷ ಕಾಡಿನ ಪ್ರಾಣಿಯನ್ನು ನೋಡಿದ ಕಣ್ಣಿಗೆ ಅದು ಗೊತ್ತಾಗಿಬಿಡುತ್ತದೆ.

ಗುರಿ ತಪ್ಪಿದ್ದನ್ನು ಪೂರ್ತಿಯಾಗಿ ತೋರಿಸುವುದು ಈ ಸೇವೆಯಲ್ಲಿ ನಾನು ಅತ್ಯಂತ ಮೆಚ್ಚಿದ ಸಂಗತಿ. ಎರಡನೆಯ ವರ್ಷದ ಒಂದು ಕಂತಿನಲ್ಲಿ ಬಿಳಿಬಾಲದ ಜಿಂಕೆಯೊಂದು ಮರದ ಮೇಲಿನ ಅಟ್ಟಣೆಯಿಂದ ಮೂವತ್ತು ಮೀಟರ್ ದೂರದಲ್ಲಿ ನಿಂತಿದೆ. ಬಾಣ ಹೊರಡುತ್ತದೆ, ಬೆನ್ನಿನ ಮೇಲಿಂದ ಹಾದುಹೋಗುತ್ತದೆ. ಬಿಟ್ಟವನ ಕೈ ನಡುಗಿರಬೇಕೆಂದುಕೊಂಡೆ. ಅವರು ಅದೇ ದೃಶ್ಯವನ್ನು ಸ್ಲೋ ಮೋಷನ್‌ನಲ್ಲಿ ಮತ್ತೆ ತೋರಿಸಿ ಲೆಕ್ಕ ಹಾಕಿದರು. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ, ತುದಿಗಳಲ್ಲಿ ರಾಟೆಯಿರುವ ಇಂದಿನ ಕಾಂಪೌಂಡ್ ಬಿಲ್ಲಿನ ಬಾಣ ಸುಮಾರು 90 ಮೀಟರ್. ಹಾಗಾಗಿ ಹೆದೆಯ ಸದ್ದು ಜಿಂಕೆಯ ಕಿವಿಗೆ ಬಿದ್ದು ಕಾಲು ಸೆಕೆಂಡು ಕಳೆದ ಮೇಲಷ್ಟೇ ಬಾಣ ತಲುಪುತ್ತದೆ. ಬೆಚ್ಚಿದ ಜಿಂಕೆ ಜಿಗಿಯುವ ಮೊದಲು ಕಾಲು ಮಡಿಸಿ ಮೈಯನ್ನು ಕೆಳಕ್ಕೆ ತಗ್ಗಿಸುತ್ತದೆ. ಆ ತಗ್ಗಿದ ಗೇಣಿನ ಜಾಗದಲ್ಲಿ ಬಾಣ ಹಾದುಹೋಯಿತು. ಜಿಂಕೆ ಮೊದಲೇ ತಲೆ ಎತ್ತಿ ಎಚ್ಚರವಾಗಿತ್ತು, ನಾನು ಬಿಡಬಾರದಿತ್ತು ಎಂದು ಅವನೇ ಕ್ಯಾಮೆರಾದ ಮುಂದೆ ಒಪ್ಪಿಕೊಂಡ. ಅಟ್ಟಣೆಯಿಂದಿಳಿದು ಬಾಣ ಹುಡುಕಿ, ಗರಿಗಳನ್ನು ಬೆರಳಿನಿಂದ ಸವರಿ, ನೆತ್ತರಿಲ್ಲವೆಂದು ಖಚಿತಪಡಿಸಿಕೊಂಡ ಮೇಲೂ ಇನ್ನೂರು ಮೀಟರ್ ಜಾಡು ಹಿಡಿದು ನಡೆದ.

ಗಾಯಗೊಂಡ ಪ್ರಾಣಿಯ ಜಾಡು ಹಿಡಿಯುವ ಭಾಗ ಎಲ್ಲರಿಗೂ ಹಿಡಿಸಲಾರದು. ನನಗೂ ಮೊದಮೊದಲು ಕಷ್ಟವಾಗಿತ್ತು; ಒಂದೆರಡು ಬಾರಿ ನಡುವೆಯೇ ನಿಲ್ಲಿಸಿ ಎದ್ದು ಹೋಗಿದ್ದೂ ಉಂಟು. ಆದರೆ ಬೇಟೆ ಎಂದರೇನೆಂಬುದನ್ನು ಅಡಗಿಸದೆ ಹೇಳುವುದು ಆ ಭಾಗವೇ. ಬಾಣ ತಾಗಿದ ಕೂಡಲೇ ಯಾರೂ ಓಡುವುದಿಲ್ಲ. ಮೊದಲು ನೆತ್ತರು ನೋಡುತ್ತಾರೆ. ತಿಳಿಗೆಂಪಾಗಿ ನೊರೆಯಿದ್ದರೆ ಶ್ವಾಸಕೋಶಕ್ಕೆ ತಾಗಿದೆ, ಅರ್ಧ ಗಂಟೆ ಕಾದು ಹೊರಟರೆ ಸಾಕು. ಕಡುಗೆಂಪಾಗಿದ್ದರೆ ಯಕೃತ್ತು, ಕೆಲವು ಗಂಟೆ ಕಾಯಬೇಕು. ಬಾಣದ ಮೇಲೆ ಹಸಿರು ಲೋಳೆಯೂ ಹುಳಿ ವಾಸನೆಯೂ ಇದ್ದರೆ ಜಠರಕ್ಕೋ ಕರುಳಿಗೋ ತಾಗಿದೆ. ಆಗ ಎಂಟು ಹತ್ತು ಗಂಟೆ ಕಾಯುವುದೇ ಸರಿ, ಅವಸರ ಮಾಡಿದರೆ ಮಲಗಿರುವ ಪ್ರಾಣಿ ಎದ್ದು ಮೈಲಿಗಟ್ಟಲೆ ಹೋಗಿ ಎಲ್ಲೋ ಸಾಯುತ್ತದೆ. ಹೀಗೆ ಕಾದ ಒಂದು ರಾತ್ರಿಯ ಕಂತನ್ನು ನಾನು ಮೂರು ಬಾರಿ ನೋಡಿದ್ದೇನೆ. ನೆತ್ತರು ಕಂಡ ಕಡೆಯಲ್ಲೆಲ್ಲ ಟಿಶ್ಯೂ ಕಾಗದದ ತುಂಡು ಸಿಕ್ಕಿಸುತ್ತ ಇಬ್ಬರೂ ಟಾರ್ಚ್ ಹಿಡಿದು ಬಗ್ಗಿ ನಡೆಯುತ್ತಾರೆ. ಹಿಂತಿರುಗಿ ನೋಡಿದರೆ ಆ ಬಿಳಿ ತುಂಡುಗಳ ಸಾಲು ಪ್ರಾಣಿ ಯಾವ ಕಡೆ ವಾಲಿತೆಂಬುದನ್ನು ಹೇಳುತ್ತದೆ. ಒಂದು ಜಾಗದಲ್ಲಿ ಜಾಡು ಕಡಿದುಹೋಗುತ್ತದೆ. ಹದಿನೇಳು ನಿಮಿಷ ಏನೂ ಸಿಗುವುದಿಲ್ಲ. ಆ ಹದಿನೇಳು ನಿಮಿಷದಲ್ಲಿ ಸುಮಾರು ಆರು ನಿಮಿಷವನ್ನು ಕತ್ತರಿಸದೆ ಇಟ್ಟಿದ್ದಾರೆ. ಕೊನೆಗೆ ಒಬ್ಬ ಮಂಡಿಯೂರಿ, ಮೊಣಕಾಲೆತ್ತರದ ಗಿಡದ ಎಲೆಯೊಂದನ್ನು ತಿರುಗಿಸುತ್ತಾನೆ. ಎಲೆಯ ಅಡಿಯಲ್ಲಿ ಸಾಸಿವೆಕಾಳಿನಷ್ಟು ನೆತ್ತರು. ಪ್ರಾಣಿ ಹಾದುಹೋಗುವಾಗ ಹೊಟ್ಟೆ ಸವರಿದ್ದರಿಂದ ಅದು ಎಲೆಯ ಮೇಲ್ಭಾಗಕ್ಕೆ ಹತ್ತದೆ ಅಡಿಗೆ ಹತ್ತಿತ್ತು.

ಆಮೇಲಿನ ಕೆಲಸವೂ ಹಗುರದ್ದಲ್ಲ. ದೊಡ್ಡ ಗಂಡು ಎಲ್ಕ್ ಮುನ್ನೂರು ಕಿಲೋ ತೂಗುವ ಪ್ರಾಣಿ. ಮೂಳೆ ಬಿಡಿಸಿದ ಮಾಂಸವೇ ನೂರು ಕಿಲೋ ಆಸುಪಾಸು. ರಸ್ತೆಯಿಂದ ಎಂಟು ಕಿಲೋಮೀಟರ್ ಒಳಗಿದ್ದರೆ ಬೆನ್ನ ಮೇಲೆ ಹೊತ್ತು ಎರಡು ಮೂರು ಬಾರಿ ಓಡಾಡಬೇಕು, ಮೈಯ ಬಿಸಿ ಆರುವ ಮೊದಲೇ ಚರ್ಮ ಸುಲಿದು ಮಾಂಸವನ್ನು ಗಾಳಿಯಾಡುವ ಬಟ್ಟೆಯ ಚೀಲಕ್ಕೆ ಹಾಕದಿದ್ದರೆ ಅದು ಕೆಡುತ್ತದೆ. ಅಲಾಸ್ಕದ ಕಂತುಗಳಲ್ಲಿ ಕೊನೆಯ ಹೊರೆಯಲ್ಲಿ ಮಾತ್ರ ಕೊಂಬು ಕಾಣಿಸಿಕೊಳ್ಳುವುದೇಕೆಂದು ಮೊದಲು ತಿಳಿದಿರಲಿಲ್ಲ. ಮೂಸ್ ಎಂಬ ದೈತ್ಯ ಜಿಂಕೆಯಂಥ ಪ್ರಾಣಿಯ ತಿನ್ನಬಹುದಾದ ಮಾಂಸವೆಲ್ಲ ಹೊರಗೆ ಬರುವವರೆಗೆ ಕೊಂಬನ್ನು ಅಲ್ಲಿಂದ ಸಾಗಿಸಕೂಡದೆಂಬುದು ಅಲ್ಲಿಯ ಕಾನೂನು. ಕೊಂಬು ಹಿಡಿದು ಫೋಟೊ ತೆಗೆಸಿಕೊಂಡಲ್ಲಿಗೆ ಮುಗಿಯುವ ವೀಡಿಯೊಗಳು ಬೇಟೆಯ ಅರ್ಧವನ್ನೇ ನುಂಗಿಹಾಕುತ್ತವೆ.

ಇನ್ನು ನನ್ನ ಮುಖ್ಯ ದೂರಿಗೆ ಬರುತ್ತೇನೆ. ಮೂರನೆಯ ವರ್ಷದ ಒಂದು ಕಂತಿನಲ್ಲಿ, ಒಬ್ಬನೇ ಹೋಗಿ ಚಿತ್ರೀಕರಿಸಿದ್ದೆಂದು ಹೇಳಿಕೊಂಡ ಬೇಟೆಯಲ್ಲಿ, ಬಾಣ ಬಿಡುವ ಹೊತ್ತಿಗೆ ಅವನ ಮುಖ ಎದುರಿನಿಂದ, ತೀರ ಹತ್ತಿರದಿಂದ, ಚೊಕ್ಕ ಫೋಕಸ್‌ನಲ್ಲಿ ಕಾಣಿಸಿತು. ಮರಕ್ಕೆ ಕಟ್ಟಿದ ಕ್ಯಾಮೆರಾ ಅವನ ಹಿಂಬದಿಯಲ್ಲಿತ್ತು. ಎದುರಿನ ಕ್ಯಾಮೆರಾ ಯಾರದು? ಮತ್ತೆ ಮತ್ತೆ ನಿಲ್ಲಿಸಿ ನೋಡಿದೆ. ಹಿಂದಿನ ದೃಶ್ಯದಲ್ಲಿ ಬಾಣದ ಗರಿ ಹಳದಿ, ಎದುರಿನದರಲ್ಲಿ ಬಿಳಿ. ನೆರಳು ಬಿದ್ದ ದಿಕ್ಕೂ ಬೇರೆ. ಬೇಟೆ ಮುಗಿದ ಮೇಲೆ ನಟಿಸಿ ತೆಗೆದ ದೃಶ್ಯವದು. ಈ ಉದ್ಯಮದಲ್ಲಿ ಇದು ಹಳೆಯ ಪದ್ಧತಿ, ವಾಹಿನಿಗಳಿಗೆ ಅದರಲ್ಲಿ ನಾಚಿಕೆಯೂ ಇಲ್ಲ. ಆದರೆ ಕತ್ತರಿಸದಿರುವುದನ್ನೇ ಬಂಡವಾಳ ಮಾಡಿಕೊಂಡವರು ಹಾಗೆ ಮಾಡಿದ್ದು ನನ್ನ ಮನಸ್ಸನ್ನು ಕೆಡಿಸಿತು. ಪತ್ರ ಬರೆದೆ. ಮೂರು ವಾರ ಉತ್ತರ ಬರಲಿಲ್ಲ, ಆಮೇಲೆ ಬಂದ ಉತ್ತರದಲ್ಲಿ ‘ಕಥೆ ಓಡುವುದಕ್ಕೆ’ ಎಂಬ ಸಮಜಾಯಿಷಿ ಇತ್ತು. ಬೇರೆ ಚಂದಾದಾರರೂ ಬರೆದಿರಬೇಕು. ಮುಂದಿನ ಋತುವಿನಿಂದ ಅಂಥ ದೃಶ್ಯಗಳ ಮೂಲೆಯಲ್ಲಿ ‘ನಂತರ ಚಿತ್ರೀಕರಿಸಿದ್ದು’ ಎಂಬ ಸಣ್ಣ ಬರಹ ಕಾಣಿಸಿಕೊಂಡಿತು. ಹಳೆಯ ಕಂತನ್ನು ಮಾತ್ರ ಇವತ್ತಿಗೂ ತಿದ್ದಿಲ್ಲ. ಡ್ರೋನ್ ದೃಶ್ಯಗಳ ಬಗ್ಗೆಯೂ ನನಗೆ ಇದೇ ಅನುಮಾನವಿತ್ತು, ಏಕೆಂದರೆ ಪ್ರಾಣಿ ಎಲ್ಲಿದೆಯೆಂದು ಹುಡುಕಲು ಡ್ರೋನ್ ಬಳಸುವುದು ಅಮೆರಿಕದ ಹಲವು ರಾಜ್ಯಗಳಲ್ಲಿ ನಿಷಿದ್ಧ. ಬೇಟೆ ಮುಗಿದ ಮರುದಿನ ಹಾರಿಸಿದ್ದೆಂದು ಈಗ ಪ್ರತಿ ಬಾರಿ ಹೇಳುತ್ತಾರೆ. ನಂಬುತ್ತೇನೆ, ಹಿಮ ಕರಗಿರುವುದು ಕಾಣುತ್ತದೆ.

ಪ್ರಾಯೋಜಕರು ಕಳೆದ ಎರಡು ವರ್ಷದಲ್ಲಿ ನುಸುಳಿದ್ದಾರೆ. ಒಂದೇ ಬೈನಾಕ್ಯುಲರ್ ಅನ್ನು ಒಂದೇ ಕಂತಿನಲ್ಲಿ ನಾಲ್ಕು ಬಾರಿ ಹತ್ತಿರದಿಂದ ತೋರಿಸಿದಾಗ ಅದರ ಹೆಸರು ಬಾಯಿಪಾಠವಾಗುವುದು ಸಹಜ. ಹಾಗೆಂದು ಬೇಟೆಯ ಸ್ವರೂಪ ಬದಲಾಗಿಲ್ಲ. ಕಳೆದ ಋತುವಿನ ಹನ್ನೊಂದು ಕಂತುಗಳಲ್ಲಿ ಆರು ಬರಿಗೈಯವು. ಎಂದಾದರೂ ಹನ್ನೊಂದಕ್ಕೆ ಹನ್ನೊಂದರಲ್ಲೂ ಬೇಟೆ ಸಿಕ್ಕರೆ ಚಂದಾ ನಿಲ್ಲಿಸುವುದೆಂದು ನಿರ್ಧರಿಸಿದ್ದೇನೆ.

ಸೇವೆಯ ಉಳಿದ ಸಂಗತಿಗಳು ಸಾಧಾರಣ. ಆ್ಯಪ್ ಎಲ್ಲಿ ನಿಲ್ಲಿಸಿದ್ದೆವೆಂಬುದನ್ನು ಆಗಾಗ ಮರೆಯುತ್ತದೆ. ಸಬ್‌ಟೈಟಲ್ ಯಂತ್ರವೇ ಬರೆಯುವುದರಿಂದ ಪಿಸುಮಾತು ಬಂದಾಗಲೆಲ್ಲ ಏನೇನೋ ಬರೆಯುತ್ತದೆ, ಈ ವೀಡಿಯೊಗಳಲ್ಲಿ ಮುಖ್ಯವಾದದ್ದೆಲ್ಲ ಪಿಸುಮಾತಿನಲ್ಲೇ ಇರುತ್ತದೆ. ಧ್ವನಿಯ ಮಟ್ಟ ಸಮನಾಗಿಲ್ಲ: ಉಸಿರಾಟ ಕೇಳಲೆಂದು ವಾಲ್ಯೂಮ್ ಏರಿಸಿ ಕೂತಿದ್ದಾಗ ರೈಫಲ್ಲಿನ ಸದ್ದು ಮನೆಯವರನ್ನೆಲ್ಲ ಎಬ್ಬಿಸಿದ್ದುಂಟು. ಹೆಡ್‌ಫೋನ್ ಹಾಕಿಕೊಂಡು ನೋಡುವವರು ಇನ್ನೂ ಜೋಪಾನವಾಗಿರಬೇಕು.

ಹೊಸದಾಗಿ ಸೇರುವವರು ಮುಖಪುಟದಲ್ಲಿ ಕಾಣುವ ದೊಡ್ಡ ಕೊಂಬಿನ ಕಂತುಗಳಿಂದ ಶುರು ಮಾಡಬೇಡಿ. ನ್ಯೂಜಿಲೆಂಡಿನ ದಕ್ಷಿಣ ಆಲ್ಪ್ಸ್‌ನಲ್ಲಿ ಚಿತ್ರೀಕರಿಸಿದ ಟಾರ್ ಬೇಟೆಯ ಕಂತು ನಾಲ್ಕನೆಯ ಋತುವಿನ ಪಟ್ಟಿಯ ಕೆಳಗೆಲ್ಲೋ ಇದೆ. ಹಿಮಾಲಯ ಮೂಲದ, 1904ರಲ್ಲಿ ಅಲ್ಲಿ ತಂದು ಬಿಟ್ಟ ಕಾಡುಮೇಕೆಯ ಸಂಬಂಧಿ ಈ ಪ್ರಾಣಿ. ಅಲ್ಲಿ ಅದನ್ನು ಹಿಡಿದು ತಿನ್ನುವ ಮೃಗವಿಲ್ಲದ್ದರಿಂದ ಸಂಖ್ಯೆ ಬೆಳೆದು ಬೆಟ್ಟದ ಸಸ್ಯಗಳನ್ನು ಮೇಯ್ದು ಹಾಳುಮಾಡುತ್ತದೆಂದು ಸರ್ಕಾರವೇ ಅದರ ಸಂಖ್ಯೆಗೆ ಮಿತಿ ಹಾಕಿದೆ. ಕಂತಿನ ಮೊದಲ ಇಪ್ಪತ್ತು ನಿಮಿಷ ಇಬ್ಬರೂ ಡೇರೆಯೊಳಗೆ ಕೂತು ಮಳೆ ನಿಲ್ಲುವುದನ್ನು ಕಾಯುತ್ತಾರೆ. ಒಬ್ಬ ಒದ್ದೆ ಕಾಲುಚೀಲವನ್ನು ಒಣಗಲೆಂದು ಅಂಗಿಯೊಳಗೆ ಹೊಟ್ಟೆಗೆ ಒತ್ತಿಕೊಂಡು ಮಲಗಿದ್ದಾನೆ, ಇನ್ನೊಬ್ಬ ಲೆನ್ಸಿನ ಒಳಗೆ ಹಿಡಿದ ಮಂಜನ್ನು ನೋಡುತ್ತ ಅದನ್ನು ಒರೆಸಲಾಗದೆ ಸುಮ್ಮನೆ ಕೂತಿದ್ದಾನೆ. ಆ ಇಪ್ಪತ್ತು ನಿಮಿಷ ನಿಮಗೆ ಬೇಸರವೆನಿಸಿದರೆ ಹಣ ಕಟ್ಟಬೇಡಿ.