ಆರು ವರ್ಷದಿಂದ ಪ್ರೌಟ್ ಸ್ನೋಗೂಸ್ 37: ನೀರಿಗಿಂತ ಮರಳಿನ ಮೇಲೇ ಜಾಸ್ತಿ ಖುಷಿ

ಬೆಳಗ್ಗೆ ಆರು ಗಂಟೆ. ಒಲೆಯ ಮೇಲೆ ಕಾವಲಿ, ಕಾವಲಿಯ ಮೇಲೆ ನೀರುದೋಸೆ. ಹಿಟ್ಟು ಒಂದು ಕಡೆ ಜಾರುವುದಿಲ್ಲ, ಚಹಾ ಚೆಲ್ಲುವುದಿಲ್ಲ. ಯಾಕೆಂದರೆ ದೋಣಿಯ ಕೆಳಗೆ ನೀರೇ ಇಲ್ಲ, ಬರೀ ಒದ್ದೆ ಮರಳು. ಪ್ರೌಟ್ ಸ್ನೋಗೂಸ್ 37 ಎಂಬ, ಎರಡು ಒಡಲಿನ ಈ ಹಳೇ ಹಾಯಿದೋಣಿಯನ್ನು ನಾನಿನ್ನೂ ಮಾರದೆ ಇಟ್ಟುಕೊಂಡಿರುವುದು ಇದೊಂದಕ್ಕೇ. ಉದ್ದ, ಎಂಜಿನ್, ಎಷ್ಟು ಹಾಸಿಗೆ ಎಂಬುದೆಲ್ಲ ಮಾರಾಟದ ಜಾಹೀರಾತಿನಲ್ಲಿ ಸಿಗುತ್ತದೆ, ಅದನ್ನು ಬಿಡುತ್ತೇನೆ.

ಇದನ್ನು ಕಟ್ಟಿದ್ದು ಇಂಗ್ಲೆಂಡಿನ ಎಸೆಕ್ಸ್‌ನಲ್ಲಿ, ಥೇಮ್ಸ್ ನದಿಯ ಬಾಯಲ್ಲಿರುವ ಕ್ಯಾನ್ವೀ ದ್ವೀಪದಲ್ಲಿ. ರೋಲಂಡ್ ಮತ್ತು ಫ್ರಾನ್ಸಿಸ್ ಪ್ರೌಟ್ ಅಣ್ಣತಮ್ಮಂದಿರು. ಅಪ್ಪ ಮಡಚುವ ದೋಣಿ ಮಾಡುತ್ತಿದ್ದರು. ಮಕ್ಕಳು ಎರಡು ಕಯಾಕ್‌ಗಳನ್ನು ಬಿದಿರಿನಿಂದ ಜೋಡಿಸಿ, ಹಾಯಿ ಕಟ್ಟಿ ನೋಡಿದರು. ಅಲ್ಲಿಂದ 1950ರ ದಶಕದ ಶಿಯರ್‌ವಾಟರ್ ಎಂಬ ಎರಡು ಒಡಲಿನ ದೋಣಿ ಬಂತು, ಆಮೇಲೆ ಮನೆಮಂದಿಯೆಲ್ಲ ಮಲಗಬಹುದಾದ ಸ್ನೋಗೂಸ್‌ಗಳು. ಈಗ ಕಂಪನಿ ಇಲ್ಲ, ದೋಣಿಗಳು ಓಡಾಡುತ್ತಿವೆ. ಇದನ್ನು ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ಗಂಗೊಳ್ಳಿ ಹೊಳೆಯ ಜಂಗಲ್. ಎರಡು ದೋಣಿ, ಮೇಲೆ ಹಲಗೆ, ಹಲಗೆ ಮೇಲೆ ಸ್ಕೂಟರ್. ಇಂಥ ಎರಡು ಒಡಲಿನ ದೋಣಿಗೆ ಕೆಟಮರಾನ್ ಎಂಬ ಹೆಸರು ತಮಿಳಿನ ಕಟ್ಟುಮರದಿಂದ ಬಂದದ್ದು. ಆದರೆ ಕಟ್ಟುಮರ ಅಂದರೆ ಒಟ್ಟಿಗೆ ಕಟ್ಟಿದ ದಿಮ್ಮಿಗಳು, ಅದಕ್ಕೆಲ್ಲಿಯ ಎರಡು ಒಡಲು? ಆ ಹೆಸರು ನ್ಯಾಯವಾಗಿ ನಮ್ಮ ಜಂಗಲ್‌ಗೆ ಸಿಗಬೇಕಿತ್ತು.

ಎಸೆಕ್ಸ್‌ನ ಈ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆ ಹೊತ್ತಿಗೆ ಉಬ್ಬರಕ್ಕೂ ಇಳಿತಕ್ಕೂ ನಾಲ್ಕೈದು ಮೀಟರ್ ವ್ಯತ್ಯಾಸ. ಅರ್ಧ ದಿನ ಸಮುದ್ರ, ಅರ್ಧ ದಿನ ಕೆಸರು. ಅಂಥ ಊರಲ್ಲಿ ಹುಟ್ಟಿದ ದೋಣಿಗೆ ಕೂರಲು ಬರಲೇಬೇಕು ಅಲ್ವಾ? ಸ್ನೋಗೂಸ್‌ನ ಎರಡೂ ಒಡಲಿನ ಅಡಿಯಲ್ಲಿ ಉದ್ದಕ್ಕೆ ಗಿಡ್ಡ ಕೀಲ್, ಅಂದರೆ ತಳದ ಏಣು, ಇದೆ. ತೇಲಲು ಒಂದು ಮೀಟರ್ ನೀರು ಸಾಕು.

ನೀರು ಇಳಿಯಲು ಶುರುವಾದಾಗ ಲಂಗರು ಬಿಡುತ್ತೇವೆ. ನಮ್ಮ ದೋಣಿಯಲ್ಲಿ ಎಂಜಿನ್ನಿನ ಪ್ರೊಪೆಲರ್ ಕಾಲನ್ನು ಮೇಲೆತ್ತಬಹುದು, ಅದನ್ನು ಎತ್ತುತ್ತೇವೆ. ಆಮೇಲೆ ಮಾತು ನಿಲ್ಲಿಸಿ ಕಾಯುವುದು. ಮೊದಲು ಒಂದು ಮೆತ್ತನೆಯ ತಟ್ಟು. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಅಲುಗಾಟ ಪೂರ್ತಿ ನಿಂತುಹೋಗುತ್ತದೆ. ಸುತ್ತ ಕೆಸರಿನ ಗುಳ್ಳೆ ಪಟಪಟ ಒಡೆಯುವ ಸದ್ದು. ಮಗಳು ಗಮ್‌ಬೂಟ್ ಹಾಕಿ ಏಣಿ ಇಳಿಯುತ್ತಾಳೆ. ಗಟ್ಟಿ ಮರಳು ಸಿಕ್ಕಿದರೆ ನಾನೂ ಬ್ರಷ್ ಹಿಡಿದು ಇಳಿದು ತಳ ಉಜ್ಜುತ್ತೇನೆ. ದೋಣಿ ಎತ್ತಿಸುವ ಕ್ರೇನ್ ಖರ್ಚು ಉಳಿಯಿತು. ಪಕ್ಕದ ಒಂಟಿ ಒಡಲಿನ ದೋಣಿಯವರು ಅಷ್ಟು ಹೊತ್ತಿಗೆ ಓರೆಯಾಗಿ ಬಿದ್ದು, ಗೋಡೆಗೆ ಕಾಲು ಕೊಟ್ಟು ಕೂತಿರುತ್ತಾರೆ. ನೋಡಿ ನಗಬಾರದು. ನಗುತ್ತೇನೆ.

ಅದಕ್ಕೆ ತಕ್ಕ ಶಾಸ್ತಿಯೂ ಆಯಿತು. ಮೂರನೇ ವರ್ಷ ಎಸೆಕ್ಸ್‌ನದೇ ಹ್ಯಾಮ್‌ಫರ್ಡ್ ವಾಟರ್ ಎಂಬ ಹಿನ್ನೀರಿನ ಒಂದು ಸಣ್ಣ ಕವಲಿಗೆ ಹೋಗಿದ್ದೆವು. ಅಲ್ಲಿನ ಸೀಲ್ ಎಂಬ ಕಡಲ ಪ್ರಾಣಿಗಳ ಮೈ ತುಕ್ಕು ಹಿಡಿದಂತೆ ಕೆಂಪಗಿರುತ್ತದೆ, ಕೆಸರಿನ ಕಬ್ಬಿಣದಿಂದ. ಮಗಳಿಗೆ ತೋರಿಸುವ ಹುಮ್ಮಸ್ಸಿನಲ್ಲಿ ತುಂಬು ಉಬ್ಬರದಲ್ಲೇ ಒಳಗೊಳಗೆ ನುಗ್ಗಿಸಿ ಕೂರಿಸಿದೆ. ಹುಣ್ಣಿಮೆ ಕಳೆದು ಮೂರು ದಿನವಾಗಿತ್ತು. ದೊಡ್ಡ ಉಬ್ಬರ ಮುಗಿಯುತ್ತಿತ್ತು. ಮುಂದಿನ ಉಬ್ಬರ ಗೇಣು ಕಮ್ಮಿ ಬಂತು, ದೋಣಿ ತೇಲಲಿಲ್ಲ. ಅದರ ಮುಂದಿನದು ಇನ್ನೂ ಕಮ್ಮಿ. ಕರಾವಳಿಯಲ್ಲಿ ಹುಟ್ಟಿ ಪಂಚಾಂಗ ನೋಡದೆ ಹೋದರೆ ಹೀಗೇ. ಹೆಂಡತಿ ಮಗಳನ್ನು ಕರೆದುಕೊಂಡು ರೈಲು ಹಿಡಿದಳು. ನಾನು ಅಮಾವಾಸ್ಯೆಯ ಉಬ್ಬರ ಬರುವವರೆಗೆ ಅಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಆಫೀಸ್ ಮಾಡಿದೆ. ಮೀಟಿಂಗ್‌ನಲ್ಲಿ ಹಕ್ಕಿ ಕೂಗಿದರೆ ಮ್ಯೂಟ್. ಆ ದಿನಗಳಲ್ಲಿ ಈ ದೋಣಿಯ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ, ಅದರ ತಪ್ಪು ಏನೂ ಇಲ್ಲದಿದ್ದರೂ.

ಇನ್ನೊಂದು ಸಿಟ್ಟು ಮರೀನಾದ ಮೇಲೆ, ಅಂದರೆ ಬಾಡಿಗೆಗೆ ದೋಣಿ ನಿಲ್ಲಿಸುವ ಜಾಗದ ಮೇಲೆ. ಹೆಸರು ಬೇಡ. ಎರಡು ಒಡಲು ಎಂಬ ಕಾರಣಕ್ಕೆ ಒಂದೂವರೆ ಪಟ್ಟು ಬಾಡಿಗೆ. ನಮ್ಮದು 5 ಮೀಟರ್‌ಗಿಂತ ಒಂಚೂರು ಕಮ್ಮಿ ಅಗಲ, ಪಕ್ಕದಲ್ಲಿ ನಿಂತ ಹೊಸ ಕೆಟಮರಾನ್ ಲಗೂನ್ 42ರ ಅಗಲ 7.70 ಮೀಟರ್. ಇಬ್ಬರಿಗೂ ಒಂದೇ ಲೆಕ್ಕ! ಕೇಳಿದರೆ ನಿಯಮ ಎನ್ನುತ್ತಾರೆ. ನಮ್ಮ ಅಗಲಕ್ಕೆ ಫ್ರಾನ್ಸಿನ ಕಾಲುವೆಗಳ ಲಾಕ್‌ಗಳೇ, ಅಂದರೆ ದೋಣಿಯನ್ನು ಏರಿಸಿ ಇಳಿಸುವ ಕಿರಿದಾದ ನೀರಿನ ಕಟ್ಟೆಗಳೇ, ದಾರಿ ಬಿಡುತ್ತವೆ. ಹಾಯಿಕಂಬ ಇಳಿಸಿ ಮೆಡಿಟರೇನಿಯನ್‌ವರೆಗೆ ಹೋಗಬಹುದು. ನಿವೃತ್ತಿಯ ನಂತರ ನೋಡೋಣ.

ಅರ್ಧ ಪಾಲುದಾರನಾದ ಗೆಳೆಯನಿಗೆ ಹೊಸದು ಬೇಕು. ಹಿಂದೆ ಅಗಲ ಬಾಗಿಲು, ಒಳಗೆ ಬೆಳಕು, ಎರಡು ಎಂಜಿನ್. ಆಸೆ ನನಗೂ ಇಲ್ಲವೇ? ಆದರೆ ಅದಕ್ಕೆ ಮನೆ ಮಾರಬೇಕು. ಸದ್ಯ ನಮ್ಮದೇ ತಪ್ಪುಗಳನ್ನು ಒಂದೊಂದೇ ಕಮ್ಮಿ ಮಾಡುತ್ತಿದ್ದೇವೆ. ಕೆಟಮರಾನ್‌ಗೆ ತೂಕ ಆಗುವುದಿಲ್ಲ. ಭಾರ ಹೇರಿದಷ್ಟು ದೋಣಿ ತಗ್ಗುತ್ತದೆ, ಎರಡು ಒಡಲುಗಳ ನಡುವಿನ ಡೆಕ್‌ಗೆ ಕೆಳಗಿನಿಂದ ಅಲೆ ಧಡ್ ಎಂದು ಬಡಿಯುತ್ತದೆ. ಎರಡು ವರ್ಷ ನಾವು ಅಕ್ಕಿ ಮೂಟೆ, ಗ್ರೈಂಡರ್, ಅದರ ಕಲ್ಲು ಎಲ್ಲ ತುಂಬಿಕೊಂಡು ಓಡಾಡಿದೆವು. ಈಗ ಹಿಟ್ಟನ್ನು ಮನೆಯಲ್ಲೇ ರುಬ್ಬಿ ಡಬ್ಬಿಯಲ್ಲಿ ತರುತ್ತೇವೆ.